ಹಿಂಡಿ ಅಂಗಡಿಯವರ ಚೌಕಾಬಾರದ ಪುಸ್ತಕ

ಶೇಂಗಾ ಹಿಂಡಿಯ ವಾಸನೆ ಗೊತ್ತಿದ್ದವರಿಗೇ ಗೊತ್ತು. ಹಸುಗಳಿಗೆ ಅದು ಹಬ್ಬದೂಟ, ನಮ್ಮ ಬಟ್ಟೆಗೆ ಹತ್ತಿದರೆ ಎರಡು ಸಲ ಒಗೆದರೂ ಹೋಗದು. ಮೊನ್ನೆ ಚಳ್ಳಕೆರೆಯಲ್ಲಿ ನನ್ನ ಡಿಟಿಪಿ ಅಂಗಡಿಯ ಮುಂದೆ ಹಿಂಡಿ ಹೇರಿದ ಲಾರಿಯೊಂದು ಕೆಟ್ಟು ನಿಂತಿತ್ತು. ಡ್ರೈವರನಿಗೆ ನಾಲ್ಕು ಮಾತು ಬೈದು ಬರೋಣವೆಂದು ಎದ್ದವಳು ಬಾಗಿಲಲ್ಲೇ ನಿಂತುಬಿಟ್ಟೆ. ಈ ವಾಸನೆಯನ್ನು ಹೊತ್ತು ಒಬ್ಬರು ದಿನಾ ಸಂಜೆ ನನ್ನ ಪಕ್ಕದ ಸ್ಟೂಲಿನ ಮೇಲೆ ಬಂದು ಕೂರುತ್ತಿದ್ದರು...

ಎದುರಿಗೇ ಅವರ ಹಿಂಡಿ ಅಂಗಡಿ. ನಾನು ಅವರನ್ನು ಯಜಮಾನ್ರೇ ಎನ್ನುತ್ತಿದ್ದೆ. ಆಗ ನಾನು ಹೊಸದಾಗಿ ಅಂಗಡಿ ಇಟ್ಟಿದ್ದೆ. ಲಗ್ನಪತ್ರಿಕೆ, ತಿಥಿ ಕಾರ್ಡು, ಕೋರ್ಟಿನ ಅಫಿಡವಿಟ್ಟು, ಶಾಲೆಯ ಪ್ರಶ್ನೆಪತ್ರಿಕೆ... ಇವಿಷ್ಟೇ ನನ್ನ ವಿದ್ಯೆ. ಅಂಥ ನನ್ನ ಮುಂದೆ ಒಂದು ಸಂಜೆ ನಾಲ್ಕು ಹಾಳೆ ಹರವಿ, "ಚೌಕಾಬಾರಕ್ಕೆ ಒಂದು ಬುಕ್ಕು ಮಾಡ್ಕೊಡವ್ವ" ಎಂದರು.

ನನಗೆ ನಗು ತಡೆಯಲಾಗಲಿಲ್ಲ. "ಯಜಮಾನ್ರೇ, ಸೀಮೆಸುಣ್ಣದಾಗೆ ನೆಲದ ಮ್ಯಾಲೆ ಮನೆ ಬರೆದು ಕವಡೆ ಹಾಕಿದ್ರೆ ಆಯ್ತು. ಅದಕ್ಕೂ ಬುಕ್ಕಾ?"

ಅವರು ನಗಲಿಲ್ಲ. ಅವರಿಗೆ ಒಬ್ಬಳೇ ಮಗಳು. ಮಾತು ಕಲಿಯುವ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋಗಿದ್ದವು. ಎದುರಿನವರ ಬಾಯಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದಳು, ಕನ್ನಡ ಚೆನ್ನಾಗಿ ಓದುತ್ತಿದ್ದಳು. ಮೊಳಕಾಲ್ಮೂರಿನ ಸೀರೆ ನೇಯುವ ಮನೆಗೆ ಕೊಟ್ಟಿದ್ದರು. ಅಳಿಯ ಬಂಗಾರದಂಥವನು. ಆದರೆ ಆ ಮನೆಯ ಹೆಂಗಸರು ಬೆಳಿಗ್ಗೆಯೆಲ್ಲ ರೇಷ್ಮೆ ನೂಲು ಸುತ್ತಿ, ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಚೌಕಾಬಾರ ಹಾಕುತ್ತಾರೆ. ಆಂಧ್ರ ಕೂಗಳತೆಯಲ್ಲಿದೆಯಲ್ಲ, ಅಲ್ಲಿ ಅದರ ಹೆಸರು ಅಷ್ಟಾಚಮ್ಮ. ನಾಲ್ಕು ಬಿದ್ದರೆ ನಾವು ಚೌಕ ಎಂದರೆ ಅವರು ಚಮ್ಮ ಎನ್ನುತ್ತಾರೆ, ಎಂಟು ಬಿದ್ದರೆ ನಮ್ಮ ಬಾರ ಅವರಿಗೆ ಅಷ್ಟ. ಆಟದ ರೀತಿಯೂ ಅಲ್ಲಲ್ಲಿ ಬೇರೆ. ಹುಡುಗಿ ಸನ್ನೆಯಲ್ಲಿ ಏನೆಂದು ಕೇಳಿದರೆ ಆಡುತ್ತಿದ್ದ ನಾಲ್ಕೂ ಜನ ಒಟ್ಟಿಗೆ, ಬಗ್ಗಿಸಿದ ತಲೆ ಎತ್ತದೆ ಗಡಗಡ ಹೇಳಿ, ಆಮೇಲೆ ಬಿಡು ಎಂದು ಕೈಯಾಡಿಸಿಬಿಡುತ್ತಿದ್ದರಂತೆ.

"ನಾ ಹೋದಾಗ ಎಲ್ರೂ ಸುತ್ತ ಕುಂತು ಆಡ್ತಾವ್ರೆ, ನನ್ನ ಮಗಳು ಕಂಬ ಹಿಡ್ಕೊಂಡು ನಿಂತವ್ಳೆ" ಎಂದರು. "ನಮ್ಮನೇಲಿ ನನ್ನೇ ಸೋಲಿಸ್ತಿದ್ದೋಳು ಕಣವ್ವ. ಆ ಪಡಸಾಲೇಲಿ ಅವ್ಳಿಗೆ ಕುಂತ್ಕೊಳ್ಳೋಕೆ ಒಂದು ಜಾಗ ಆಗ್ಬೇಕು."

ಮಾಡಿಕೊಡ್ತೀನಿ ಎಂದು ಕೂತೆ. ಕೇಳಿಸದವಳಿಗೆ ಎಲ್ಲವನ್ನೂ ಬರೆದುಕೊಡಬೇಕು ತಾನೆ? ಅವರು ಬರೆದದ್ದಕ್ಕೆ ಇನ್ನೊಂದಿಷ್ಟು ಸೇರಿಸಿದೆ. ಕಾಯಿ ಹೇಗೆ ಹೊರಡಬೇಕು, ಎದುರಾಳಿಯ ಕಾಯಿ ಕಡಿಯುವುದು ಹೇಗೆ, ಹಣ್ಣಾಗುವುದು ಯಾವಾಗ, ಎಲ್ಲವನ್ನೂ ಉದ್ದುದ್ದ ಪ್ಯಾರಾಗಳಲ್ಲಿ ತುಂಬಿದೆ. ಸುತ್ತ ಮಲ್ಲಿಗೆ ಬಳ್ಳಿಯ ಅಂಚು, ನಾಲ್ಕು ನಮೂನೆಯ ಅಕ್ಷರ, ತಲೆಬರಹಕ್ಕೆ ನೆರಳು ಬೇರೆ. ನನಗೆ ಬರುವ ಚೆಂದವನ್ನೆಲ್ಲ ಸುರಿದಿದ್ದೆ.

ಅವರು ಹಾಳೆ ದೂರ ಹಿಡಿದರು, ಹತ್ತಿರ ಹಿಡಿದರು. "ಇದು ಲಗ್ನಪತ್ರಿಕೆ ಆಯ್ತಲ್ಲವ್ವ. ಇಷ್ಟು ಮಾತು ಬ್ಯಾಡ."

"ಅವ್ಳಿಗೆ ತಿಳೀಬೇಕಲ್ರೀ?"

"ತಿಳೀಲಿ. ಆದ್ರೆ ಓದೋ ಬುಕ್ಕು ಬ್ಯಾಡ. ಕಣ್ಣಾಡಿಸಿ ತಲೆ ಎತ್ತೋ ಬುಕ್ಕು ಮಾಡು."

ಓದದಿರುವ ಪುಸ್ತಕ ಎಂದರೇನು ಎಂದು ನನಗೆ ಅರ್ಥವಾಗಲಿಲ್ಲ. ಕೇಳಿದರೆ ಅವರಿಗೂ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಮಾಡಿ ತೋರಿಸಿದಾಗ ಇದಲ್ಲ ಎನ್ನುವುದು ಮಾತ್ರ ಸಲೀಸಾಗಿ ಬರುತ್ತಿತ್ತು. ಹೀಗೆ ಸುಮಾರು ಸಂಜೆಗಳು ನಾವಿಬ್ಬರೂ ಕತ್ತಲಲ್ಲಿ ತಡಕಾಡಿದೆವು.

ಮೊದಲು ಬಳ್ಳಿ ಹೋಯಿತು. ಆಮೇಲೆ ಸಾಲುಗಳು ದೂರವಾದವು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗೆ ಜೋತುಬೀಳುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೇಳುತ್ತದೆ. ನಾನು ಹಾಳೆ ಉಳಿಸುವ ಚಪಲಕ್ಕೆ ಸಾಲುಗಳನ್ನು ಒತ್ತಿ ಒತ್ತಿ ಇಟ್ಟಿದ್ದರಿಂದ ಎರಡೂ ಜಡೆ ಹಿಡಿದುಕೊಂಡು ಜಗಳವಾಡುತ್ತಿದ್ದವು. "ನಡುವೆ ಗಾಳಿ ಆಡ್ಲಿ ಬಿಡವ್ವ" ಎಂದರು. ಒಂದು ಸಾಲಿಗೆ ಒಂದೇ ಮಾತು, ಎಡಕ್ಕೆ ದಪ್ಪ ಅಂಕಿ, ಬೆರಳಿಟ್ಟರೆ ಸಿಗಬೇಕು. ಎಡಪುಟದಲ್ಲಿ ಆಟದ ಮನೆಯ ಚಿತ್ರವಿದ್ದರೆ ಅದರ ಮಾತು ಎದುರಿನ ಬಲಪುಟದಲ್ಲೇ ಮುಗಿಯಬೇಕು. ಆಟದ ನಡುವೆ ಹಾಳೆ ಮಗುಚುವುದೇ ಕೂಡದು. ಕೈ ಬಿಟ್ಟರೂ ಪುಸ್ತಕ ತನ್ನಷ್ಟಕ್ಕೆ ತೆರೆದುಕೊಂಡು ನೆಲದ ಮೇಲೆ ಮಲಗಿರಬೇಕು. ಅದಕ್ಕಾಗಿ ಬದಿಗೆ ಹೊಡೆದಿದ್ದ ಪಿನ್ನು ಕಿತ್ತು ನಡುಮಡಿಕೆಗೆ ಹೊಡೆದೆ. ಅರ್ಧ ಪುಟ ಬಿಳೀ ಬಿಳೀ ಉಳಿದು ನನಗೇ ನಾಚಿಕೆಯಾಗುತ್ತಿತ್ತು. ನನ್ನ ಕೆಲಸ ನೋಡಿದವರು ಏನೆಂದುಕೊಂಡಾರು?

ಅವರದ್ದೆಲ್ಲ ಸರಿ ಎಂದೇನಲ್ಲ. ಹಳದಿ ಕಾಗದದ ಮೇಲೆ ಕೆಂಪು ಅಕ್ಷರ ಬೇಕೆಂದು ಹಠ ಹಿಡಿದು ಕೂತರು, ಮಂಗಳಕರವಂತೆ. ನಾನೂ ಬಿಡಲಿಲ್ಲ. ಹಾಗೇ ಒಂದು ಹಾಳೆ ತೆಗೆದು, ಅವರ ಅಂಗಡಿಯ ಮಂಕು ಬಲ್ಬಿನ ಕೆಳಗೆ ನಿಲ್ಲಿಸಿ ಓದಿಸಿದೆ. ಕಣ್ಣು ಕಿರಿದು ಮಾಡಿ, ಕನ್ನಡಕ ಒರೆಸಿ, ಕಡೆಗೆ "ಕಪ್ಪೇ ಇರ್ಲಿ ಬಿಡತ್ಲಾಗೆ" ಎಂದರು. ಅವತ್ತು ನಾನು ಗೆದ್ದ ಖುಷಿಗೆ ಇಬ್ಬರಿಗೂ ಮಿರ್ಚಿ ತರಿಸಿದ್ದೆ.

ನಿಜವಾದ ಜಗಳ ಬಂದದ್ದು ಒಂದು ಸಾಲಿನ ಮೇಲೆ. ಎಲ್ಲ ಮುಗಿಯಿತು ಎನ್ನುವಾಗ ಒಂದು ಚೀಟಿ ಕೊಟ್ಟು, ಇದು ಪ್ರತಿ ಪುಟದ ನೆತ್ತಿಯ ಮೇಲೆ, ಒಂದೇ ಜಾಗದಲ್ಲಿ, ದಪ್ಪಕ್ಷರದಲ್ಲಿ ಬರಬೇಕು ಎಂದರು. ಅದರಲ್ಲಿ ಹೀಗಿತ್ತು: ಕವಡೆ ಹಾಕಿದವರು ತಲೆ ಎತ್ತಿ, ಎಲ್ಲರ ಮುಖ ನೋಡಿ, ಬಿದ್ದದ್ದನ್ನು ಹೇಳಬೇಕು. ಹೇಳದಿದ್ದರೆ ಆ ಸರದಿ ಲೆಕ್ಕಕ್ಕಿಲ್ಲ.

ನಾನೂ ಹುಟ್ಟಿದಾಗಿನಿಂದ ಚೌಕಾಬಾರ ಆಡಿದವಳೇ, ಇಂಥದ್ದೊಂದು ಕೇಳಿರಲಿಲ್ಲ. ಮನೆಗೆ ಹೋಗಿ ಅವ್ವನನ್ನು ಕೇಳಿದೆ. "ತಲೆಗಿಲೆ ಕೆಟ್ಟೈತೇನೇ? ಅಂಥದ್ದೆಲ್ಲೈತೆ?" ಎಂದಳು. ಮಾರನೆಯ ದಿನ ಅವರಿಗೆ ಅದನ್ನೇ ಹೇಳಿದೆ. ಮೊದಲನೇ ಪುಟದಲ್ಲಿ ಒಂದು ಸಲ ಹಾಕಿದರೆ ಸಾಲದೇ ಎಂದೂ ಕೇಳಿದೆ.

"ಎಲ್ಲಾ ಪುಟಕ್ಕೂ ಹಾಕು. ಯಾವ ಪುಟ ತೆರೆದಿದ್ರೂ ಅದು ಕಾಣ್ಬೇಕು."

"ಇದು ಆಟದಾಗೆ ಐತೇನ್ರೀ, ಇಲ್ವಾ? ಅಷ್ಟು ಹೇಳಿ ಸಾಕು."

"ಬರಿಯವ್ವ" ಎಂದು ಎದ್ದು ಹೋದರು. ಸಿಟ್ಟಿನಿಂದಲೇ ಬರೆದೆ.

ಬೀಗರ ಮನೆಯ ಹೆಂಗಸರ ನಡುವೆ ಅವರು ಹೋಗಿ ಕೂರುವಂತಿರಲಿಲ್ಲ. ನೀನೇ ಬಾರವ್ವ, ಪಕ್ಕ ಕೂತು ಒಂದಾಟ ಆಡಿಸಿಬಿಡು ಎಂದರು. ಅಂಗಡಿ ಮುಚ್ಚಿ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಅವರು ಜಗಲಿಯಲ್ಲಿ ಬೀಗರ ಜೊತೆ ಚಹಾ ಹಿಡಿದು ಕೂತರು, ನಾನು ಪಡಸಾಲೆಗೆ ಹೋದೆ.

ಮಗಳ ಅತ್ತೆ ಗಟ್ಟಿ ಹೆಂಗಸು. ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ, "ಏಂದಮ್ಮಾ ಇದಿ? ಅಷ್ಟಾಚಮ್ಮ ಆಡಾಕೂ ಬುಕ್ಕೇನು!" ಎಂದು ನಕ್ಕರು. ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. ಕಂಬದ ಹತ್ತಿರದಿಂದ ಬಂದು, ನನ್ನ ಪಕ್ಕ ಕೂತು, ಪುಸ್ತಕವನ್ನು ನೆಲದ ಮೇಲೆ ತೆರೆದಿಟ್ಟಳು. ಆ ಮನೆಯ ಹಿರಿಯ ಸೊಸೆ ಕುತೂಹಲಕ್ಕೆ ನೆತ್ತಿಯ ಸಾಲನ್ನು ಜೋರಾಗಿ ಓದಿದಳು.

ಆಟ ಶುರುವಾಯಿತು. ಅತ್ತೆ ಕವಡೆ ಹಾಕಿ, ಕಾಯಿಯ ಮೇಲೆ ಕಣ್ಣಿಟ್ಟೇ ಏನೋ ಗೊಣಗಿ, ಕೈ ಚಾಚಿದರು. ಹುಡುಗಿ ಆ ಕೈಯನ್ನು ತಡೆಯಲಿಲ್ಲ. ಸುಮ್ಮನೆ ನೆತ್ತಿಯ ಸಾಲಿನ ಮೇಲೆ ಬೆರಳಿಟ್ಟಳು. ಹಿರಿಯ ಸೊಸೆ ಚಪ್ಪಾಳೆ ತಟ್ಟಿ, "ಅತ್ತೇ, ಲೆಕ್ಕಕ್ಕಿಲ್ಲ!" ಎಂದು ಕೂಗಿದಳು.

ಅತ್ತೆಯ ಮುಖ ಕೆಂಪಾಯಿತು. ಹುಡುಗಿಯನ್ನು ಬಿಟ್ಟು ನನ್ನ ಕಡೆ ತಿರುಗಿ, "ನಿಮ್ಮ ಚಳ್ಳಕೆರೆ ಕಡೆ ಹಿಂಗೇ ಐತೇನಮ್ಮಾ?" ಎಂದರು.

ಅವ್ವನ ಮಾತು ಕಿವಿಯಲ್ಲೇ ಇತ್ತು. ಇಲ್ಲ ಎಂದರೆ ಈ ಹುಡುಗಿ ಮತ್ತೆ ಕಂಬಕ್ಕೆ ಹೋಗುತ್ತಾಳೆ ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಿತು. ಬಾಯಿ ನೋಡಿ ಮಾತು ತಿಳಿಯುವವಳ ಕಣ್ಣು ಪುಸ್ತಕದಲ್ಲೇ ಹೂತಿದ್ದರೆ ಆಗುತ್ತದೆಯೇ? ಅಯ್ಯೋ ನನ್ನ ಮಂದಬುದ್ಧಿಯೇ, ಇಷ್ಟು ದಿನ ಆ ಮನುಷ್ಯ ಕೇಳಿದ್ದು ಇದನ್ನೇ ಅಲ್ಲವೇ! ಆಟದಲ್ಲಿ ಈ ಮಾತು ಇದೆಯೋ, ಅವರೇ ಹುಟ್ಟಿಸಿದರೋ, ಅದು ಮಾತ್ರ ಗೊತ್ತಾಗಲಿಲ್ಲ.

"ಹೂಂ, ಹಿಂಗೇ ಐತೆ. ನಾವು ಯಾವಾಗ್ಲೂ ಹಿಂಗೇ ಆಡೋದು" ಎಂದೆ.

ಅತ್ತೆ ಗೊಣಗುತ್ತಾ ಚಾಚಿದ ಕೈ ಹಿಂದಕ್ಕೆಳೆದುಕೊಂಡರು. ಮತ್ತೆ ಅವರ ಸರದಿ ಬಂದಾಗ ಕವಡೆ ಹಾಕಿ, ತಲೆ ಎತ್ತಿ, ಹುಡುಗಿಯನ್ನು ನೆಟ್ಟಗೆ ನೋಡಿ, ಬಾಯಿತುಂಬ "ಅಷ್ಟಾ!" ಎಂದರು. ಆಟದಲ್ಲಿ ಸೋಲಬಾರದು ಎಂಬ ಹಠಕ್ಕೇ ಎಂದರು, ಪ್ರೀತಿಗೇನಲ್ಲ. ಹುಡುಗಿ ತಲೆಯಾಡಿಸಿ, ತನ್ನ ಸರದಿ ಬಂದಾಗ ಕವಡೆ ಎತ್ತಿಕೊಂಡಳು.

ವಾಪಸ್ಸು ಬಸ್ಸಿನಲ್ಲಿ ಯಜಮಾನ್ರು ಕೇಳಿದರು. "ಆಡಿದ್ಲಾ?"

"ಆಡಿದ್ಲು."

"ಗೆದ್ಲಾ?"

"ಇಲ್ಲ, ಸೋತ್ಲು."

"ಸೋಲ್ಲಿ ಬಿಡು" ಎಂದು ಕಿಟಕಿಯ ಕಡೆ ತಿರುಗಿದರು. "ಕುಂತು ಸೋತ್ಲಲ್ಲ..."

ಆ ಸಾಲು ಎಲ್ಲಿಂದ ಬಂತು ಎಂದು ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಕೇಳಲಿಲ್ಲ. ಆಮೇಲೆ ಅವರು ತೀರಿಕೊಂಡರು. ಹಿಂಡಿ ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ರಿಪೇರಿಯವನಿದ್ದಾನೆ.

ಹೋದ ತಿಂಗಳು ಅವರ ಮಗಳು ನನ್ನ ಅಂಗಡಿಗೆ ಬಂದಿದ್ದಳು. ಮೊನ್ನೆ ಲಾರಿಯ ವಾಸನೆಗೆ ನಾನು ಹಾಗೆ ನಿಂತುಬಿಟ್ಟದ್ದಕ್ಕೆ ಅದೂ ಕಾರಣವಿರಬಹುದು. ಅತ್ತೆ ಈಗಿಲ್ಲವಂತೆ, ಹಿರಿಯ ಸೊಸೆ ಬೇರೆ ಮನೆ ಮಾಡಿದ್ದಾಳಂತೆ, ಈ ಮನೆಯ ಯಜಮಾನಿಕೆ ಇವಳದೇ. ಮಗನಿಗೆ ಹೆಣ್ಣು ನಿಶ್ಚಯವಾಗಿದೆ. ಪುಸ್ತಕ ಹರಿದು ಚೂರಾಗಿದೆ, ಮತ್ತೆ ಮಾಡಿಕೊಡಿ, ಒಂದಕ್ಷರವೂ ಆಚೀಚೆ ಆಗಬಾರದು ಎಂದು ಫೋನಿನಲ್ಲಿ ಬರೆದು ತೋರಿಸಿದಳು. ಬರುವ ಸೊಸೆಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದಂತೆ. ಹಾಗಾದರೆ ಯಾಕೆ ಎಂದೆ. ಅವಳು ನಕ್ಕು, ಮುಂದಿಟ್ಟಿದ್ದ ಹಳೇ ಪುಸ್ತಕದ ನೆತ್ತಿಯ ಸಾಲಿನ ಮೇಲೆ ಬೆರಳಿಟ್ಟಳು.

ಹೊರಡುವ ಮೊದಲು ಇನ್ನೊಂದು ಸಾಲು ಬರೆದು ಫೋನನ್ನು ನನ್ನ ಕಡೆ ತಿರುಗಿಸಿದಳು. "ಅಪ್ಪ ನಿಮ್ಮ ಹತ್ರ ತುಂಬ ದಿನ ಕೂತು ಮಾತಾಡವ್ರೆ. ಅವರ ದನಿ ಹೆಂಗಿತ್ತಕ್ಕಾ?"

ಎಷ್ಟು ಸಂಜೆ ಕೇಳಿದ ದನಿ ಅದು. ಅವರು ಆಡಿದ ಮಾತೆಲ್ಲ ನೆನಪಿದೆ, ಈಗಲೂ ಒಂದೂ ಬಿಡದೆ ಹೇಳಬಲ್ಲೆ. ದನಿಯನ್ನು ಹುಡುಕಿದೆ... ದಪ್ಪಗಿತ್ತೇ, ಕೀರಲಾಗಿತ್ತೇ? ಏನೂ ಸಿಗಲಿಲ್ಲ. ಕೇಳಿಸುವ ಕಿವಿಯಿದ್ದೂ ನಾನು ಅದನ್ನು ಎಲ್ಲಿ ಬಿಟ್ಟೆ? ಅವಳು ನನ್ನ ತುಟಿಯನ್ನೇ ನೋಡುತ್ತಾ ನಿಂತಿದ್ದಳು.

"ಮೆತ್ತಗಿತ್ತು" ಎಂದೆ.

ಅವಳ ಕಣ್ಣು ತುಂಬಿತು. ನಾನೂ ಹಂಗೇ ಅಂದ್ಕೊಂಡಿದ್ದೆ ಎಂದು ಬರೆದು ತೋರಿಸಿ ಬಸ್ಸಿಗೆ ಹೋದಳು. ನಾನು ಹೇಳಿದ್ದು ನಿಜವೋ ಸುಳ್ಳೋ ನನಗೇ ಗೊತ್ತಿಲ್ಲ. ಕೇಳೋಣವೆಂದರೆ ಆ ದನಿಯನ್ನು ಬಲ್ಲವರು ಈ ಬೀದಿಯಲ್ಲಿ ಯಾರೂ ಉಳಿದಿಲ್ಲ.