ಕಂಪ್ರೆಸ್ ಮಾಡಿದ ಮೇಲೆ ಕಂಡ ಮಕ್ಕಳು

ನಾನು ಕಾನ್ವೆಂಟಿನಲ್ಲಿ ಓದಿದವಳು. ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಬಾಯಿ ತೆರೆದರೆ ನಮ್ಮ ಸಿಸ್ಟರುಗಳು "ಐಡಲ್ ಮೈಂಡ್" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು. ಆ ಮಾತು ನನ್ನ ಮೈಗೆ ಅಂಟಿಕೊಂಡಿತ್ತು. ಚನ್ನಪಟ್ಟಣಕ್ಕೆ ಸೊಸೆಯಾಗಿ ಬಂದ ಮೇಲೆ ನಮ್ಮ ಅತ್ತೆ ಹೇಳುತ್ತಿದ್ದ ಕಥೆಗಳಿಗೆಲ್ಲ ಹೂಂಗುಟ್ಟುತ್ತ ಒಳಗೊಳಗೇ ನಗುತ್ತಿದ್ದೆ. ಪತ್ರಿಕೆಯಲ್ಲಿ ಇಂಥ ಅನುಭವಗಳನ್ನು ಕಂಡರೆ ಪುಟ ತಿರುಗಿಸುತ್ತಿದ್ದೆ. ನೀವೂ ತಿರುಗಿಸುವವರಾದರೆ ನನಗೆ ಬೇಜಾರಿಲ್ಲ. ಯಾರನ್ನೂ ನಂಬಿಸಲು ನಾನಿದನ್ನು ಬರೆಯುತ್ತಿಲ್ಲ. ಇಷ್ಟು ವರ್ಷ ಒಬ್ಬಳೇ ಹೊತ್ತು ಸಾಕಾಗಿದೆ, ಅಷ್ಟೇ.

ಬಿಡದಿಗೂ ರಾಮನಗರಕ್ಕೂ ನಡುವೆ, ಮೈಸೂರು ರಸ್ತೆಯಿಂದ ಸ್ವಲ್ಪ ಒಳಕ್ಕೆ ನಮ್ಮ ಶಾಲೆ ಇತ್ತು. ಊರಿನವರೇ ಕಮಿಟಿ ಮಾಡಿಕೊಂಡು ಕಟ್ಟಿದ್ದು, ಏಳನೇ ಕ್ಲಾಸಿನವರೆಗೆ. ನಾನು ಅಲ್ಲಿ ಹೆಡ್‌ಮಿಸ್ಟ್ರೆಸ್. ಸೇರಿದ ಹೊಸತರಲ್ಲಿ ಅಡ್ಮಿಷನ್ನಿಗೆಂದು ತಂದೆತಾಯಂದಿರು ಬೆಳಗ್ಗೆಯೇ ಬಂದು ಬಾಗಿಲಲ್ಲಿ ಕಾಯುತ್ತಿದ್ದರು. ಆಮೇಲೆ ಕಾರ್ಖಾನೆಗಳು ಒಂದೊಂದಾಗಿ ಬಂದವು. ಹಿಪ್ಪುನೇರಳೆ ತೋಟವಿದ್ದ ಕಡೆ ಕಾಂಪೌಂಡು ಎದ್ದಿತು. ಜಮೀನು ಬಿಟ್ಟುಕೊಟ್ಟ ಮನೆಯವರು ಕನಕಪುರದ ಕಡೆ, ಮರಳವಾಡಿಯ ಸುತ್ತಮುತ್ತ ಬೇರೆ ನೆಲ ಹುಡುಕಿಕೊಂಡು ಹೊರಟರು. ಲಗೇಜ್ ಆಟೋದಲ್ಲಿ ಪಾತ್ರೆ, ಮೇಕೆ, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆ, ಅದರ ಸಂದಿಯಲ್ಲಿ ನನ್ನ ಮಕ್ಕಳು. ನನ್ನನ್ನು ಕಂಡರೆ ಕೈಬೀಸುತ್ತಿದ್ದವು. ನಾನೂ ನಗುತ್ತ ಕೈಬೀಸಿ, ಒಳಗೆ ಬಂದು ಟೇಬಲ್ಲಿಗೆ ತಲೆಯಿಟ್ಟು ಕೂರುತ್ತಿದ್ದೆ. ಕೊನೆಕೊನೆಗೆ ದೊಡ್ಡ ಕ್ಲಾಸುಗಳ ಮಕ್ಕಳನ್ನೆಲ್ಲ ಒಟ್ಟುಗೂಡಿಸಿ ಒಂದೇ ರೂಮಿನಲ್ಲಿ ಕೂರಿಸಿದರೂ ಹಿಂದಿನ ಬೆಂಚುಗಳ ಮೇಲೆ ಧೂಳು ಕೂರುತ್ತಿತ್ತು.

ಆ ವರ್ಷ ಕಮಿಟಿ ಶಾಲೆ ಮುಚ್ಚುವ ತೀರ್ಮಾನಕ್ಕೆ ಬಂತು. ನನಗೆ ವಯಸ್ಸಾಗಿತ್ತು, ಶಾಲೆ ಮುಚ್ಚಿದರೆ ಮನೆಗೆ ಹೋಗಿ ಕೂರುತ್ತಿದ್ದೆ. ಆದರೆ ಭಾಗ್ಯ? ಭಾಗ್ಯ ಆರನೇ ಕ್ಲಾಸಿನ ಹುಡುಗಿ. ನಾನು ಒಮ್ಮೆ ಹೇಳಿದ ಇಂಗ್ಲಿಷ್ ವಾಕ್ಯವನ್ನು ಮರುದಿನ ಹಾಗೇ ಒಪ್ಪಿಸುವಂಥವಳು. ಅವಳಪ್ಪ ಕೆಂಪಯ್ಯ ತನ್ನ ಹೊಲವಿದ್ದ ಜಾಗದಲ್ಲೇ ಎದ್ದ ಕಾರ್ಖಾನೆಯೊಂದರಲ್ಲಿ ಹುಲ್ಲುಹಾಸಿಗೆ ನೀರು ಬಿಡುತ್ತಿದ್ದ. ಅವನು ಬಂದು ನೇರವಾಗಿಯೇ ಹೇಳಿದ: "ಸ್ಕೂಲು ನಿಂತೋದ್ರೆ ಇವ್ಳನ್ನ ದಿನಾ ರಾಮನಗರದ ಬಸ್ಸತ್ತಿಸಕ್ಕೆ ನನ್ ಕೈಲಾಗಕಿಲ್ಲ ಮಿಸ್ಸಮ್ಮ. ಆ ರೋಡು ದಾಟೋದ್ರಾಗೆ ಜನ ಸಾಯ್ತಾ ಅವ್ರೆ. ಫಿಲೇಚರ್‌ಗೆ ಹಾಕ್ಬುಡ್ತೀನಿ. ನೂಲು ತೆಗ್ಯೋದಾದ್ರೂ ಕಲ್ತ್ಕತಾಳೆ."

ಫಿಲೇಚರ್ ಎಂದರೆ ಕುದಿನೀರಿನಲ್ಲಿ ಗೂಡು ಬೇಯಿಸಿ ರೇಷ್ಮೆ ನೂಲು ಬಿಚ್ಚುವ ಕಡೆ. ಅಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳ ಬೆರಳು ನಾನು ನೋಡಿದ್ದೆ.

ಅದೇ ಹೊತ್ತಿಗೆ ಬೆಂಗಳೂರಿನ ಒಂದು ಟ್ರಸ್ಟಿನ ವಿಷಯ ತಿಳಿಯಿತು. ಕಾರ್ಖಾನೆಗಳು ಬಂದು ಮಕ್ಕಳು ಕಡಿಮೆಯಾದ ಶಾಲೆಗಳನ್ನು ಮಾತ್ರ ಅವರು ವಹಿಸಿಕೊಂಡು ನಡೆಸುತ್ತಿದ್ದರು. ಅರ್ಜಿಯ ಜೊತೆ ಒಂದು ಪಾಠದ ವಿಡಿಯೋ ತೆಗೆದು, ಅವರ ವೆಬ್‌ಸೈಟಿಗೆ ಆನ್‌ಲೈನ್‌ನಲ್ಲೇ ಕಳಿಸಬೇಕು. ಕ್ಲಾಸಿನ ನಿಜಸ್ಥಿತಿ ಅದರಲ್ಲಿ ಕಾಣಬೇಕು. ನನ್ನ ಎದೆಗೆ ಮತ್ತೆ ಉಸಿರು ಬಂದ ಹಾಗಾಯಿತು.

ನಮ್ಮ ಕಡೆ ಒಂದು ಪದ್ಧತಿ ಇದೆ. ಇನ್‌ಸ್ಪೆಕ್ಷನ್ ಎಂದರೆ ಪಕ್ಕದೂರಿನ ಶಾಲೆಯಿಂದ ಮಕ್ಕಳನ್ನು ಸಾಲ ತಂದು ಕೂರಿಸುವುದು. ಅವರ ಇನ್‌ಸ್ಪೆಕ್ಷನ್ನಿಗೆ ನಾವು ನಮ್ಮ ಮಕ್ಕಳನ್ನು ಕಳಿಸುವುದು. ಯಾರೂ ಅದನ್ನು ತಪ್ಪೆಂದು ತಿಳಿಯುವುದಿಲ್ಲ, ಮದುವೆಗೆ ಜಮಖಾನ ಕೊಟ್ಟು ತಂದ ಹಾಗೆ. ನನ್ನ ಜೊತೆಗಿದ್ದ ಒಬ್ಬರೇ ಮೇಷ್ಟ್ರು ಪುಟ್ಟಸ್ವಾಮಿ ಅದಕ್ಕೆ ಆಗಲೇ ಸಿದ್ಧರಾಗಿದ್ದರು.

"ಮೇಡಂ, ಟೆಂಪೋಗೆ ಹೇಳ್ಬುಡ್ಲಾ? ಮೂರು ಬೆಂಚ್ ತುಂಬೋವಷ್ಟು ಐಕ್ಳನ್ನ ತಂದ್ಬುಡ್ತೀನಿ."

"ಬೇಡ ಮೇಷ್ಟ್ರೇ. ಖಾಲಿ ಬೆಂಚು ಕಂಡರೇ ಅವರು ನಮಗೆ ಸಹಾಯ ಮಾಡೋದು."

"ಇದೆಂತಾ ಟ್ರಸ್ಟು ಮೇಡಂ? ಖಾಲಿ ಅಂಗ್ಡಿಗೆ ಬೋಣಿಗೆ ಬತ್ತಾರಾ ಯಾರಾನಾ?" ಎಂದು ತಲೆ ಕೆರೆದುಕೊಂಡರು. ಆದರೆ ನನ್ನ ಮಾತು ಮೀರಲಿಲ್ಲ. ಯಾರನ್ನೂ ತರಲಿಲ್ಲ. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ.

ವಿಡಿಯೋ ತೆಗೆಯಲು ರಾಮನಗರದ ಸ್ಟುಡಿಯೋ ಸಲೀಮನನ್ನು ಗೊತ್ತುಮಾಡಿದ್ದೆ. ಮದುವೆ ಸೀಸನ್ನು. ಅವನಿಗೆ ಪುರುಸೊತ್ತಾಗಿದ್ದು ಕೊನೆಯ ದಿನ, ಶನಿವಾರ ಬೆಳಗ್ಗೆ. ಅದೇ ಸಂಜೆಯೊಳಗೆ ವಿಡಿಯೋ ತಲುಪಬೇಕಿತ್ತು. ಮಕ್ಕಳು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದಿದ್ದವು. ಪಾಠ ರೇಷ್ಮೆಹುಳುವಿನದು. ಸಲೀಂ ಕ್ಯಾಮೆರಾ ಹಿಡಿದು ಬಾಗಿಲ ಪಕ್ಕ ನಿಂತ. ಪುಟ್ಟಸ್ವಾಮಿ ಅವನ ಹಿಂದೆ ನಿಂತರು. ನಾನು ಬೋರ್ಡಿನ ಮೇಲೆ ಮೊಟ್ಟೆ, ಹುಳ, ಗೂಡು, ಚಿಟ್ಟೆ ಎಂದು ಸುತ್ತಲೂ ಬಾಣ ಹಾಕಿ ಬರೆದೆ. ಗೂಡಿನಿಂದ ಏನು ಹೊರಗೆ ಬರುತ್ತದೆ ಎಂದು ಕೇಳಿದೆ.

ಭಾಗ್ಯ ಎದ್ದು ನಿಂತಳು. "ಏನೂ ಬರಕಿಲ್ಲ ಮಿಸ್. ಬರಕ್ಕೆ ಮುಂಚೆನೇ ಮಾರ್ಕೆಟ್ಟಿಗೆ ಹಾಕ್ತಾರೆ, ಬೇಯಿಸ್ಬುಡ್ತಾರೆ."

ಎಲ್ಲರೂ ನಕ್ಕರು. ಸಲೀಮನ ಕ್ಯಾಮೆರಾ ಕೂಡ ಅಲ್ಲಾಡಿತು. ನಾನೂ ನಕ್ಕೆ. ತುಂಬ ದಿನದ ಮೇಲೆ ಪಾಠ ಪಾಠದ ಹಾಗಿತ್ತು.

ಮಧ್ಯಾಹ್ನ ನಾನು, ಪುಟ್ಟಸ್ವಾಮಿ ಸಲೀಮನ ಸ್ಟುಡಿಯೋದಲ್ಲಿ ಕೂತಿದ್ದೆವು. ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿ. ಬೆಂದ ಹುಳುವಿನ ವಾಸನೆ ಫ್ಯಾನಿನ ಗಾಳಿಯಲ್ಲೂ ಬರುತ್ತಿತ್ತು. ಟೇಪಿನಿಂದ ಕಂಪ್ಯೂಟರಿಗೆ ಇಳಿಸಿದ ವಿಡಿಯೋವನ್ನು ಸಲೀಂ ಒಮ್ಮೆ ಓಡಿಸಿ ತೋರಿಸಿದ. ಎಲ್ಲ ಸರಿಯಾಗಿತ್ತು. ಚದುರಿದ ಹಾಗೆ ಕೂತ ನನ್ನ ಮಕ್ಕಳು, ಹಿಂದೆ ಖಾಲಿ ಬೆಂಚುಗಳು. ಆದರೆ ವೆಬ್‌ಸೈಟು ಅದನ್ನು ತೆಗೆದುಕೊಳ್ಳಲಿಲ್ಲ, ಫೈಲ್ ಬಹಳ ದೊಡ್ಡದೆಂದು ವಾಪಸ್ ತಳ್ಳಿತು. "ಟೆನ್ಶನ್ ತಗೋಬ್ಯಾಡಿ ಅಮ್ಮಾ, ಕಂಪ್ರೆಸ್ ಮಾಡ್ತೀನಿ. ದಪ್ಪ ಇರೋರನ್ನ ಸಣ್ಣ ಮಾಡಿದಂಗೆ," ಎಂದ ಸಲೀಂ. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಆಮೆಯಂತೆ ತೆವಳತೊಡಗಿತು. ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಬಂದ ಮೇಲೆ ಮೊದಲಿನಿಂದ ಶುರು. ಹೊರಗೆ ಬಿಸಿಲು ಇಳಿಯುತ್ತಿತ್ತು. ನಾನು ಬಾಯಿಯಲ್ಲಿ ಹೇಳದಿದ್ದರೂ ಮನಸ್ಸಿನಲ್ಲಿ ಕಾನ್ವೆಂಟಿನಲ್ಲಿ ಕಲಿತ ಹೇಲ್ ಮೇರಿ ಪ್ರಾರ್ಥನೆ ಹೇಳುತ್ತಿದ್ದೆ.

ಕಂಪ್ರೆಸ್ ಮುಗಿಯುವ ಹೊತ್ತಿಗೆ ಗಡುವಿಗೆ ಸ್ವಲ್ಪವೇ ಸಮಯ ಉಳಿದಿತ್ತು. ಸರಿಯಾಗಿದೆಯೇ ನೋಡೋಣವೆಂದು ಸಲೀಂ ನಡುವಿನಿಂದ ಒಂದು ತುಣುಕು ಓಡಿಸಿದ. ಚಿತ್ರ ಚಿಕ್ಕದಾಗಿತ್ತು, ಮಸುಕಾಗಿತ್ತು, ಮುಖಗಳು ಬಣ್ಣದ ಚೌಕಗಳಾಗಿ ಒಡೆದಿದ್ದವು.

ಬೆಂಚುಗಳು ತುಂಬಿದ್ದವು.

ಹಿಂದಿನ ಗೋಡೆಯವರೆಗೂ ಮಕ್ಕಳು. ಮುಖ ಗುರುತು ಸಿಗುತ್ತಿರಲಿಲ್ಲ. ಆದರೆ ಟೀಚರಿಗೆ ಮುಖ ಬೇಕಾಗಿಲ್ಲ, ಕೂರುವ ಭಂಗಿ ಸಾಕು. ಕಿಟಕಿಯ ಪಕ್ಕ ತಲೆಯನ್ನು ಒಂದು ಕಡೆಗೆ ವಾಲಿಸಿ ಕೂತವನು ಮಂಜ. ಅವನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ, ಬಲಗಿವಿಯನ್ನು ನನ್ನ ಕಡೆ ಕೊಟ್ಟೇ ಕೂರುತ್ತಿದ್ದ. ಅವನು ಮರಳವಾಡಿಯ ಕಡೆಗೆ ಹೋಗಿ ಆಗಲೇ ಬಹಳ ಕಾಲವಾಗಿತ್ತು.

ಮೊದಲು ಮಾತಾಡಿದವರು ಪುಟ್ಟಸ್ವಾಮಿ. "ಇದೇನ್ ಮೇಡಂ! ನಂಗೆ ಬ್ಯಾಡ ಅಂದು ನೀವೇ ಕರ್ಕಂಡು ಬಂದ್ಬುಟ್ಟಿದ್ರಾ?"

ಸಲೀಂ ಮೂಲ ವಿಡಿಯೋ ಮತ್ತೆ ಹಾಕಿದ. ಖಾಲಿ. ಕಂಪ್ರೆಸ್ ಆದದ್ದು ಹಾಕಿದ. ಭರ್ತಿ. ಅವನು ಕುರ್ಚಿ ಹಿಂದಕ್ಕೆ ಸರಿಸಿ ಕೂತು, ತನಗೇ ಹೇಳಿಕೊಳ್ಳುವವನ ಹಾಗೆ ಹೇಳಿದ: "ಅಲ್ಲಾಡದೆ ಇರೋದನ್ನ ಕಂಪ್ಯೂಟರ್ ಹೊಸದಾಗಿ ಬರಿಯಲ್ಲ ಅಮ್ಮಾ, ಹಳೇ ಚಿತ್ರಾನೇ ಇಟ್ಕೊತದೆ. ಅದಕ್ಕೇ ಸೈಜು ಕಮ್ಮಿ ಆಗೋದು. ಆದ್ರೆ ಇಲ್ಲಿ ಹಳೇದು ಅಂದ್ರೆ ಯಾವ್ದು? ಟೇಪು ಹೊಸದು. ನಾನೇ ಪ್ಯಾಕ್ ಒಡೆದೆ."

ಮತ್ತೊಮ್ಮೆ ಕಂಪ್ರೆಸ್ ಮಾಡಲು ಸಮಯವಿರಲಿಲ್ಲ. ಕಳಿಸಬೇಕು, ಇಲ್ಲವೇ ಬಿಡಬೇಕು. ನನ್ನ ಕಣ್ಣಿಗೆ ವಯಸ್ಸಾಗಿದೆ, ಪರದೆ ಹಳೆಯದು, ಚೌಕಗಳ ಮಾಯೆ ಎಂದೆಲ್ಲ ಹೇಳಿಕೊಂಡೆ. ಕಳಿಸು ಎಂದೆ. ಫೈಲ್ ಹೋಯಿತು.

ಟ್ರಸ್ಟಿನಿಂದ ಫೋನು ಬಂದದ್ದು ಕೆಲವು ವಾರಗಳ ನಂತರ. ಮಾತಾಡಿದ ಹೆಣ್ಣುಮಗಳದು ಒಳ್ಳೆಯ ಇಂಗ್ಲಿಷು, ನಾನು ಓದಿದ ಕಾನ್ವೆಂಟಿನ ಇಂಗ್ಲಿಷಿನ ಹಾಗಿತ್ತು. ಪಾಠ ಬಹಳ ಚೆನ್ನಾಗಿದೆ ಮ್ಯಾಮ್ ಎಂದಳು. ಆದರೆ ನಿಮ್ಮ ತರಗತಿ ತುಂಬಿದೆ, ಇದು ನಮ್ಮ ಯೋಜನೆಗೆ ಒಳಪಡುವುದಿಲ್ಲ ಎಂದಳು. ಆ ಮಕ್ಕಳು ನಮ್ಮಲ್ಲಿಲ್ಲ ಎಂದೆ. ಹಾಗಾದರೆ ಹೊರಗಿನವರನ್ನು ತಂದು ಕೂರಿಸಿದಿರಾ ಎಂದು ಕೇಳಿದಳು. ದನಿ ಗಡುಸಾಯಿತು. ಚೆನ್ನಾಗಿ ಕಾಣಲೆಂದು ಬೇರೆ ಶಾಲೆಗಳು ಹೀಗೆ ಮಾಡಿ ಸಿಕ್ಕಿಬಿದ್ದಿವೆಯಂತೆ. ಇಲ್ಲಮ್ಮ, ಯಾರನ್ನೂ ತಂದಿಲ್ಲ ಎಂದೆ. "ದೆನ್ ಹೂ ಆರ್ ದೀಸ್ ಚಿಲ್ಡ್ರನ್, ಮ್ಯಾಮ್?" ನೀವೇ ಬಂದು ನೋಡಿ ಎಂದು ಬೇಡಿಕೊಂಡೆ. ನಮ್ಮ ಟ್ರಸ್ಟಿನ ತೀರ್ಮಾನ ಆಗಿಹೋಗಿದೆ, ಐ ಆ್ಯಮ್ ಸಾರಿ ಎಂದಳು.

ಹಾಗಾದರೆ ಅದು ನನ್ನ ಕಣ್ಣಿನ ದೋಷವಲ್ಲ. ಬೆಂಗಳೂರಿನಲ್ಲಿ ಕೂತು ನೋಡಿದವರಿಗೂ ಆ ಮಕ್ಕಳು ಕಂಡಿದ್ದವು.

ಸಲೀಮನ ಹತ್ತಿರ ಓಡಿದೆ. ಮದುವೆಗಳ ವಿಡಿಯೋಗೆ ಜಾಗ ಬೇಕೆಂದು ಆ ಫೈಲನ್ನು ಅವನು ಅಳಿಸಿಬಿಟ್ಟಿದ್ದ. ಪಾಪ, ಟೇಪು ಹುಡುಕಿ ತೆಗೆದು, ನನ್ನ ಮುಂದೆಯೇ ಮತ್ತೆ ಕಂಪ್ರೆಸ್ ಮಾಡಿದ. ಬೆಂಚುಗಳು ಖಾಲಿ ಬಂದವು. ಇನ್ನೊಮ್ಮೆ ಮಾಡಿದ. ಖಾಲಿ. ಮೂರನೆಯ ಸಲ ನಾನೇ ಬೇಡ ಎಂದೆ.

ಮಂಜನ ಅಪ್ಪ ಗೂಡು ಮಾರಲು ರಾಮನಗರಕ್ಕೆ ಬಂದಾಗ ಮಾರುಕಟ್ಟೆಯಲ್ಲಿ ಸಿಕ್ಕ. ಆ ಶನಿವಾರ ಮಂಜ ಈ ಕಡೆ ಬಂದಿದ್ದನೇ ಎಂದು ಕೇಳಿದೆ. "ಎಲ್ಲಿಗ್ ಬಂದಾನವ್ವ? ಆವತ್ತು ಹುಳ ಹಣ್ಣಾಗಿ ಗೂಡು ಕಟ್ಟಕ್ಕೆ ನಿಂತಿದ್ವು. ಚಂದ್ರಿಕೆಗೆ ಬುಡೋದ್ರಾಗೆ ಉಣ್ಣಕ್ಕೂ ಪುರುಸೊತ್ತಿರ್ಲಿಲ್ಲ. ಯಾಕೆ, ಏನಾನಾ ಕಿತಾಪತಿ ಮಾಡವ್ನಾ?" ಎಂದು ಅವನೇ ಗಾಬರಿಯಾದ. ಏನಿಲ್ಲ ಬಿಡಪ್ಪ ಎಂದು ಬಂದೆ.

ಶಾಲೆ ಮುಚ್ಚಿತು. ಕಟ್ಟಡವನ್ನು ಯಾರೋ ಕಂಟ್ರಾಕ್ಟರು ಬಾಡಿಗೆಗೆ ಹಿಡಿದು ಸಿಮೆಂಟು ಮೂಟೆ ತುಂಬಿಸಿದ. ಕೆಂಪಯ್ಯ ಹೇಳಿದ ಹಾಗೇ ಭಾಗ್ಯಳನ್ನು ಫಿಲೇಚರ್‌ಗೆ ಹಾಕಿದ. ನಾನು ಎರಡು ಸಲ ಅವನ ಮನೆಗೆ ಹೋಗಿ ಹೇಳಿದೆ, ಬಸ್ ಸ್ಟಾಪಿನವರೆಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆಂದೆ. "ನಿಮ್ಗೇ ಒಬ್ರು ಕೈ ಹಿಡ್ಕಂಡು ರೋಡು ದಾಟಿಸ್ಬೇಕು ಮಿಸ್ಸಮ್ಮ," ಎಂದ. ಅದು ಸುಳ್ಳಾಗಿರಲಿಲ್ಲ.

ಭಾಗ್ಯ ಮತ್ತೆ ಸಿಕ್ಕಿದ್ದು ಕೆಲವು ವರ್ಷಗಳ ಮೇಲೆ, ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ. ಅವಳೇ ಓಡಿಬಂದು ಕೈ ಹಿಡಿದುಕೊಂಡಳು. ಬೆರಳುಗಳು ಬಿಳಿಚಿ ಸುಕ್ಕಾಗಿದ್ದವು, ನನ್ನ ಬೆರಳುಗಳಿಗಿಂತ ಮುದಿಯಾಗಿದ್ದವು. ಮದುವೆ ಗೊತ್ತಾಗಿದೆ ಎಂದು ನಾಚಿಕೊಂಡಳು. ಇಂಗ್ಲಿಷ್ ಎಲ್ಲ ಮರೆತುಹೋಯಿತು ಎಂದಳು. ಆಮೇಲೆ ಆ ವಿಡಿಯೋ ಏನಾಯಿತು ಮಿಸ್ ಎಂದು ಕೇಳಿದಳು. ಆಗಲಿಲ್ಲಮ್ಮ ಎಂದೆ.

"ಅಯ್ಯೋ! ಎಷ್ಟ್ ಕಷ್ಟಪಟ್ಟು ಕೂತಿದ್ವಿ ಮಿಸ್ ಅವತ್ತು. ಒಂದೊಂದ್ ಬೆಂಚ್ಗೆ ಅಷ್ಟಷ್ಟ್ ಜನ. ಒಸಿ ಸರ್ಕಳ್ರೋ ಅಂದ್ರೂ ಯಾರೂ ಸರ್ಕಳ್ತಿರ್ಲಿಲ್ಲ. ಉಸ್ರಾಡಕ್ಕೂ ಜಾಗ ಇರ್ಲಿಲ್ಲ."

ಬಸ್ಸುಗಳ ಗದ್ದಲದಲ್ಲಿ ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಅವಳ ಮುಖವನ್ನೇ ನೋಡಿದೆ. "ಯಾರೇ ಕೂತಿದ್ದರು ನಿನ್ನ ಪಕ್ಕ?" ಎಂದೆ.

"ನಮ್ ಕ್ಲಾಸಿನವ್ರೇ ಮಿಸ್. ಇನ್ಯಾರ್ ಕೂತ್ಕತಾರೆ?" ಎಂದು ನಕ್ಕಳು. ಅಷ್ಟರಲ್ಲಿ ಅವಳ ಬಸ್ಸು ಬಂತು. "ಬತ್ತೀನಿ ಮಿಸ್," ಎಂದು ಜನರ ನಡುವೆ ನುಗ್ಗಿ ಹತ್ತಿಬಿಟ್ಟಳು.

ಅಂದು ಬೆಳಗ್ಗೆ ಬೋರ್ಡಿನ ಮುಂದೆ ನಿಂತಿದ್ದವಳು ನಾನು. ಈ ಕಣ್ಣಿನಿಂದಲೇ ನೋಡಿದ್ದೇನೆ. ಆ ಹುಡುಗಿ ಅಷ್ಟು ಉದ್ದದ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು.