ಅಮ್ಮ ಆರಿಸಿದ ಸ್ಕೋಪ್

ಅಡಿಲೇಡಿನ ಬೆಡ್‌ಫರ್ಡ್ ಪಾರ್ಕಿನ ಆಸ್ಪತ್ರೆಯಲ್ಲಿ ನಾನು ಅರಿವಳಿಕೆ ವೈದ್ಯೆಯಾಗಿ ಸೇರಿದಾಗ ನನ್ನ ಗಂಡನ ಕೆಲಸ ಬ್ರಿಸ್ಬೇನಿನಲ್ಲಿತ್ತು. ಇಂಡೂರೂಪಿಲ್ಲಿಯ ಒಂದು ಫ್ಲ್ಯಾಟಿನಲ್ಲಿ ಅವನು, ಇಲ್ಲಿ ನಾನು. ತಿಂಗಳಿಗೊಮ್ಮೆ ಯಾರಾದರೊಬ್ಬರು ವಿಮಾನ ಹತ್ತುತ್ತಿದ್ದೆವು. ಉಳಿದ ಭಾನುವಾರಗಳಲ್ಲಿ ನಾನು ಬಟ್ಟೆ ಒಗೆದು, ವಾರಕ್ಕಾಗುವಷ್ಟು ಸಾರು ಮಾಡಿಟ್ಟು, ಮಧ್ಯಾಹ್ನದ ಹೊತ್ತಿಗೆ ಏನು ಮಾಡಬೇಕೆಂದು ತೋಚದೆ ಕೂತಿರುತ್ತಿದ್ದೆ. ಇದನ್ನು ಗಮನಿಸಿದ ಆಪರೇಷನ್ ಥಿಯೇಟರಿನ ಹಿರಿಯ ನರ್ಸ್ ಒಬ್ಬಳು ಒಂದು ಭಾನುವಾರ ನನ್ನನ್ನು ತನ್ನ ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದಳು.

ಅಲ್ಲಿ ಆಡುತ್ತಿದ್ದದ್ದು ಸಿಲೂಯೆಟ್ ಎಂಬ ಆಟ. ಕಬ್ಬಿಣದ ತಗಡಿನಲ್ಲಿ ಕತ್ತರಿಸಿದ ಪ್ರಾಣಿಗಳನ್ನು ಐದೈದರ ಸಾಲಿನಲ್ಲಿ ನಿಲ್ಲಿಸಿರುತ್ತಾರೆ. ನಲವತ್ತು ಮೀಟರಿನಲ್ಲಿ ಕೋಳಿ, ಅದರಾಚೆ ಹಂದಿ, ಇನ್ನೂ ಆಚೆ ಟರ್ಕಿ ಕೋಳಿ, ಕೊನೆಗೆ ನೂರು ಮೀಟರಿನಲ್ಲಿ ಟಗರು. ಯಾವುದಕ್ಕೂ ಒರಗದೆ, ನಿಂತುಕೊಂಡು, ಚಿಕ್ಕ ಗುಂಡಿನ ರೈಫಲ್‌ನಿಂದ ಎಡದಿಂದ ಬಲಕ್ಕೆ ಒಂದೊಂದಾಗಿ ಹೊಡೆದು ಉರುಳಿಸಬೇಕು. ಸರದಿ ತಪ್ಪಿ ಪಕ್ಕದ್ದನ್ನು ಹೊಡೆದರೆ ಲೆಕ್ಕಕ್ಕಿಲ್ಲ. ಗುಂಡು ತಾಗಿದರೂ ಉರುಳದಿದ್ದರೆ ಅದೂ ಲೆಕ್ಕಕ್ಕಿಲ್ಲ. ನನ್ನ ವೃತ್ತಿಯಲ್ಲಿ ಎಲ್ಲವೂ ಸರಿಹೋಯಿತೆಂದರೆ ಏನೂ ಆಗಲಿಲ್ಲ ಎಂದೇ ಅರ್ಥ. ರೋಗಿ ಮಲಗುತ್ತಾನೆ, ಏಳುತ್ತಾನೆ, ನನ್ನ ಮುಖವೂ ಅವನಿಗೆ ನೆನಪಿರುವುದಿಲ್ಲ. ಇಲ್ಲಿ ಮಾತ್ರ ಒಂದು ವಸ್ತು ಠಣ್ಣೆಂದು ಬೀಳುತ್ತಿತ್ತು. ನನಗೆ ಅದು ಇಷ್ಟವಾಯಿತು.

ತರಬೇತಿ ಮುಗಿಸಿ, ಲೈಸೆನ್ಸ್‌ಗೆ ಕಾದು, ಮನೆಯ ಗೋಡೆಗೆ ಉಕ್ಕಿನ ಪೆಟ್ಟಿಗೆ ಜೋಡಿಸಿ, ಕೊನೆಗೊಂದು ಹಳೆಯ ರೈಫಲ್ ಕೊಂಡೆ. ಆಮೇಲೆ ಸ್ಕೋಪ್, ಅಂದರೆ ರೈಫಲ್ ಮೇಲೆ ಕೂರಿಸುವ ದುರ್ಬೀನು. ಅದನ್ನು ಆರಿಸುವಾಗ ನಾನು ಬೇರೆ ಯಾರನ್ನೂ ಕೇಳಲಿಲ್ಲ. ದೂರದ ವಸ್ತುವನ್ನು ಹೊಡೆಯಬೇಕು, ಆದ್ದರಿಂದ ಅದು ಎಷ್ಟು ದೊಡ್ಡದಾಗಿ ಕಂಡರೆ ಅಷ್ಟು ಒಳ್ಳೆಯದು ಎಂದುಕೊಂಡು ಇಪ್ಪತ್ತನಾಲ್ಕು ಪಟ್ಟು ಹಿಗ್ಗಿಸಿ ತೋರಿಸುವ, ಮುಂಗೈಯಷ್ಟು ಉದ್ದದ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ನರ್ಸ್ ಅದನ್ನು ಕೈಯಲ್ಲಿ ಹಿಡಿದು ತೂಗಿ, "ಲವ್ಲೀ ಗ್ಲಾಸ್," ಎಂದು ಗಾಜನ್ನಷ್ಟೇ ಹೊಗಳಿದಳು. ಆ ಚಳಿಗಾಲವಿಡೀ ನನ್ನ ಕೋಳಿಗಳು ನಿಂತೇ ಇದ್ದವು.

ಅಮ್ಮ ಬಂದದ್ದು ಆಗ. ಮೈಸೂರಿನಲ್ಲಿ ಬ್ಯಾಂಕ್ ಕೆಲಸದಿಂದ ನಿವೃತ್ತಳಾಗಿದ್ದ ಅವಳು ಮೊದಲು ಪರ್ತ್‌ನಲ್ಲಿದ್ದ ನನ್ನ ತಮ್ಮನ ಮನೆಯಲ್ಲಿದ್ದು, ಆಮೇಲೆ ನನ್ನ ಹತ್ತಿರ ಬಂದಳು. ಬಂದ ಮರುದಿನವೇ ಉಕ್ಕಿನ ಪೆಟ್ಟಿಗೆ ಅವಳ ಕಣ್ಣಿಗೆ ಬಿತ್ತು.

"ಇದರಲ್ಲೇನಿದೆ? ಒಡವೆನಾ?"

"ರೈಫಲ್, ಅಮ್ಮ."

"ಏನು ಹೊಡೀತೀಯ ಅದ್ರಲ್ಲಿ?"

"ಕೋಳಿ, ಹಂದಿ, ಟಗರು."

"ಅಯ್ಯೋ ನಿನ್ನ!"

"ಕಬ್ಬಿಣದ್ದು ಕಣಮ್ಮ."

"ಕಬ್ಬಿಣದ್ದು ಅಂತ ಮೊದಲು ಹೇಳಬಾರದಾ?" ಎಂದು ಬೈದವಳು ಆ ಭಾನುವಾರ ತಾನೂ ಬರುತ್ತೇನೆಂದು ಹೊರಟುನಿಂತಳು. ಮನೆಯಲ್ಲಿ ಒಬ್ಬಳೇ ಕೂತು ಟಿವಿ ನೋಡುವುದಕ್ಕಿಂತ ಅದು ವಾಸಿ ಎನ್ನುವುದೇ ಅವಳ ಕಾರಣವಾಗಿತ್ತು.

ಈ ಆಟದಲ್ಲಿ ಹೊಡೆಯುವವರ ಪಕ್ಕದಲ್ಲಿ ಒಬ್ಬರು ಮುಕ್ಕಾಲಿಯ ಮೇಲಿಟ್ಟ ದುರ್ಬೀನಿನಲ್ಲಿ ನೋಡುತ್ತಾ, ಗುಂಡು ಎಲ್ಲಿ ಬಿತ್ತೆಂದು ಹೇಳಬಹುದು. ನರ್ಸ್ ಅಮ್ಮನನ್ನು ಆ ದುರ್ಬೀನಿನ ಹಿಂದೆ ಕೂರಿಸಿ, ಫೋಕಸ್ ತಿರುಗಿಸುವುದು ಹೇಗೆಂದು ತೋರಿಸಿಕೊಟ್ಟಳು. ನಾನು ಮೊದಲ ಕೋಳಿಗೆ ಹೊಡೆದೆ. ತಪ್ಪಿತು. ಎರಡನೆಯದಕ್ಕೆ ಹೊಡೆದೆ, ಠಣ್ಣೆಂದಿತು. ನಾನು ಖುಷಿಯಿಂದ ತಿರುಗಿದರೆ ಅಮ್ಮ ತಲೆ ಅಲ್ಲಾಡಿಸುತ್ತಿದ್ದಳು.

"ಎರಡನೇದು ಅಲ್ಲೇ ನಿಂತಿದೆ. ನೀನು ನಾಲ್ಕನೇದಕ್ಕೆ ಹೊಡೆದೆ."

ಹೌದು, ಹಾಗೇ ಆಗಿತ್ತು. ಇಪ್ಪತ್ತನಾಲ್ಕು ಪಟ್ಟಿನಲ್ಲಿ ಸ್ಕೋಪಿನೊಳಗೆ ಒಂದೇ ಒಂದು ಕೋಳಿ ಕಾಣುತ್ತಿತ್ತು, ಅದು ಎಷ್ಟನೆಯದೆಂದು ತಿಳಿಯುತ್ತಿರಲಿಲ್ಲ. ಅದೂ ಮಂಜು ಮುಸುಕಿದಂತೆ, ಯಾಕೆಂದರೆ ಆ ಸ್ಕೋಪನ್ನು ದೂರಕ್ಕೆ ಹೊಂದಿಸಿ ಮಾಡಿದ್ದರು, ಹತ್ತಿರದ್ದನ್ನು ಸ್ಪಷ್ಟಗೊಳಿಸುವ ಚಕ್ರ ಅದಕ್ಕಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನ ನಾಡಿ ಬಡಿತ, ಉಸಿರು, ತೋಳಿನ ನಡುಕ ಎಲ್ಲವೂ ಇಪ್ಪತ್ತನಾಲ್ಕು ಪಟ್ಟಾಗಿ ಕಾಣುತ್ತಿದ್ದವು. ಅದಕ್ಕೆ ಗಾಬರಿಯಾಗಿ ಸ್ಕೋಪಿನೊಳಗಿನ ಗುರಿಯ ಗೆರೆ ಕೋಳಿಯನ್ನು ದಾಟುವ ಕ್ಷಣಕ್ಕೆ ಟ್ರಿಗರನ್ನು ಎಳೆದುಬಿಡುತ್ತಿದ್ದೆ.

"ಎಳೀತಾ ಇದೀಯ," ಅಂದಳು ಅಮ್ಮ. "ಎಳೀಬಾರ್ದು, ಒತ್ತಬೇಕು. ಉಸಿರು ಅರ್ಧ ಬಿಟ್ಟು ನಿಲ್ಲಿಸು."

ನಾನು ರೈಫಲ್ ಕೆಳಗಿಟ್ಟು ಅವಳ ಕಡೆ ತಿರುಗಿದೆ. "ನಿನಗೆ ಹೇಗೆ ಗೊತ್ತು?"

"ಮೊದಲು ಇದನ್ನ ಮುಗಿಸು."

ಹಿಂದಿರುಗುವಾಗ ಕಾರಿನಲ್ಲಿ ಹೇಳಿದಳು. ಮೈಸೂರಿನ ಕಾಲೇಜಿನಲ್ಲಿ ಅವಳು ಎನ್‌ಸಿಸಿಯಲ್ಲಿದ್ದಳಂತೆ. ಮರಳು ಚೀಲದ ಹಿಂದೆ ಮಕಾಡೆ ಮಲಗಿ ರೈಫಲ್ ಹೊಡೆಯುತ್ತಿದ್ದರಂತೆ. ಅವಳನ್ನು ಒಂದು ಶಿಬಿರದ ತಂಡಕ್ಕೂ ಆರಿಸಿದ್ದರು. ಅದೇ ವರ್ಷ ಕಣ್ಣು ಮಂಜಾಗಿ ಕನ್ನಡಕ ಬಂತು. ಮಲಗಿ ಗುರಿಯಿಟ್ಟಾಗ ಕನ್ನಡಕ ಮೂಗಿನಿಂದ ಜಾರಿ, ಗಾಜಿನ ಬದಲು ಫ್ರೇಮಿನ ಅಂಚೇ ಕಣ್ಣಿಗೆ ಅಡ್ಡ ಬರುತ್ತಿತ್ತು. ತೆಗೆದರೆ ಗುರಿಯೇ ಕಾಣದು. ತಂಡಕ್ಕೆ ಬೇರೊಬ್ಬಳನ್ನು ಹಾಕಿಕೊಂಡರು.

"ಬೇಜಾರಾಯ್ತಾ?"

"ಆಯ್ತು. ಒಂದು ವಾರ ಅತ್ತೆ ಅನ್ಸುತ್ತೆ. ಆಮೇಲೆ ಪರೀಕ್ಷೆ ಬಂತಲ್ಲ."

ನನಗೆ ನಲವತ್ತಾಗುತ್ತಾ ಬಂದಿತ್ತು. ಆ ಮಾತನ್ನು ಅವಳ ಬಾಯಿಂದ ಕೇಳಿದ್ದು ಅದೇ ಮೊದಲು. ಯಾಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, "ನೀನು ಯಾವತ್ತು ಕೇಳಿದ್ದೆ?" ಎಂದು ಕಿಟಕಿಯಾಚೆ ನೋಡಿದಳು.

ಮುಂದಿನ ಶನಿವಾರ ಇಬ್ಬರೂ ಬಂದೂಕಿನ ಅಂಗಡಿಗೆ ಹೋದೆವು. ಬಾಗಿಲ ಬಳಿ ನಿಂತು ರಸ್ತೆಯಾಚೆಗಿನ ಪೆಟ್ರೋಲ್ ಬಂಕಿನ ಬೋರ್ಡನ್ನು ನೋಡಿ ಪರೀಕ್ಷಿಸಬಹುದೆಂದು ಅಂಗಡಿಯವನು ಒಂದೊಂದೇ ಸ್ಕೋಪ್ ತೆಗೆದುಕೊಟ್ಟ. ದೊಡ್ಡದನ್ನು ಕಂಡರೆ ನನ್ನ ಕೈ ಈಗಲೂ ಅತ್ತಲೇ ಹೋಗುತ್ತಿತ್ತು. ಅಮ್ಮ ತಡೆದಳು.

"ನಿನ್ನ ಕೈ ಅಲ್ಲಾಡೋದು ಎಷ್ಟು ದೊಡ್ಡದಾಗಿ ಕಾಣಬೇಕು ಅಂತ ಮೊದಲು ತೀರ್ಮಾನ ಮಾಡು."

ಅವಳು ಒಂದು ಚಿಕ್ಕದನ್ನು ಎತ್ತಿಕೊಂಡಳು. ನಾಲ್ಕರಿಂದ ಹನ್ನೆರಡು ಪಟ್ಟಿನದು. ಪಕ್ಕದಲ್ಲಿ ಒಂದು ಚಕ್ರ, ಅದನ್ನು ತಿರುಗಿಸಿದರೆ ಹತ್ತಿರದ್ದೂ ದೂರದ್ದೂ ನಿಚ್ಚಳವಾಗುತ್ತಿತ್ತು. ಗುರಿಯ ಎತ್ತರ ಹೊಂದಿಸಲು ತಿರುಗಿಸುವ ಮೇಲಿನ ಗುಬಟು ಪ್ರತಿ ಹೆಜ್ಜೆಗೂ ಟಿಕ್ ಎನ್ನುತ್ತಿತ್ತು. ನಾಲ್ಕು ದೂರಗಳಿಗೆ ನಾಲ್ಕು ಸಲ ಏರಿಸಿ ಇಳಿಸಬೇಕಾದ ಆಟದಲ್ಲಿ ಆ ಟಿಕ್ ಬೆರಳಿಗೆ ತಿಳಿಯುವುದು ಮುಖ್ಯ. ಅಮ್ಮ ಕನ್ನಡಕದ ಮೂಲಕವೇ ನೋಡಲು ಯತ್ನಿಸಿದಳು. ಓದಲು ಒಂದು ಭಾಗ, ದೂರಕ್ಕೆ ಒಂದು ಭಾಗ ಇರುವ ಕನ್ನಡಕ ಅದು. ತಲೆ ಬಗ್ಗಿಸಿದಂತೆಲ್ಲ ಬೋರ್ಡು ಕಲಸಿಹೋಗುತ್ತಿತ್ತು. ನನಗೆ ಹೊಳೆಯಿತು. "ಕನ್ನಡಕ ತೆಗಿ, ಅಮ್ಮ," ಎಂದೆ.

"ತೆಗೆದರೆ ನಂಗೆ ನಿನ್ನ ಮುಖಾನೇ ಕಾಣಲ್ಲ."

"ನನ್ನ ಮುಖ ನೋಡ್ಬೇಡ, ಬೋರ್ಡ್ ನೋಡು."

ಸ್ಕೋಪಿನಲ್ಲಿ ಕಣ್ಣಿಡುವ ತುದಿಯಲ್ಲೊಂದು ಉಂಗುರವಿರುತ್ತದೆ, ನೋಡುವವರ ದೃಷ್ಟಿಗೆ ತಕ್ಕಂತೆ ಹೊಂದಿಸಲು. ನಾನು ಅದನ್ನು ಮೆಲ್ಲಗೆ ತಿರುಗಿಸುತ್ತಾ ಹೋದೆ. ಅಮ್ಮ "ಇಲ್ಲ, ಇಲ್ಲ, ಇಲ್ಲ" ಅನ್ನುತ್ತಿದ್ದವಳು ಒಮ್ಮೆಗೇ "ಹಾಂ, ಅಲ್ಲೇ ಬಿಡು" ಎಂದಳು. ಆಮೇಲೆ ಆ ಬೋರ್ಡಿನ ಮೇಲಿದ್ದ ಪೆಟ್ರೋಲಿನ ದರವನ್ನು, ಅದರ ಕೆಳಗಿನ ಚಿಕ್ಕ ಅಕ್ಷರಗಳನ್ನು ಗಟ್ಟಿಯಾಗಿ ಓದತೊಡಗಿದಳು. ಅಂಗಡಿಯವನು ಕೌಂಟರಿನಿಂದ ತಲೆಯೆತ್ತಿ ನೋಡಿದ. ಅವಳು ಕಣ್ಣು ತೆಗೆಯಲೇ ಇಲ್ಲ. ಸ್ಕೋಪನ್ನು ನನಗೆ ವಾಪಸ್ ಕೊಟ್ಟು, "ಇದೇ ತಗೋ," ಎಂದಳು. ಅದನ್ನೇ ಕೊಂಡೆ.

ಕ್ಲಬ್ಬಿನಲ್ಲಿ ಅತಿಥಿಗಳು ಅನುಭವಿಗಳ ಮೇಲ್ವಿಚಾರಣೆಯಲ್ಲಿ ಹೊಡೆಯಬಹುದಿತ್ತು. ಹೊಸ ಸ್ಕೋಪನ್ನು ಕೂರಿಸಿ, ಗುರಿ ಸರಿಪಡಿಸಿಕೊಂಡ ದಿನ ನರ್ಸ್ ಅಮ್ಮನ ಕೈಗೆ ಪವರಿಲ್ಲದ ರಕ್ಷಣಾ ಕನ್ನಡಕ ಕೊಟ್ಟು, "ಕಮ್ ಆನ್ ಲವ್, ಯುವರ್ ಟರ್ನ್," ಎಂದಳು. ಅಮ್ಮ ಸೀರೆಯ ಸೆರಗನ್ನು ಸ್ವೆಟರಿನೊಳಗೆ ಸಿಕ್ಕಿಸಿಕೊಂಡು ಎದ್ದಳು. ನರ್ಸ್ ಅವಳ ಭುಜಕ್ಕೆ ಅಂಟಿಕೊಂಡಂತೆ ನಿಂತಳು. ನಾನು ದುರ್ಬೀನಿನ ಹಿಂದೆ ಕೂತೆ.

ನಿಂತು ಹೊಡೆದು ಅವಳಿಗೆ ಅಭ್ಯಾಸವಿರಲಿಲ್ಲ. ಮೊದಲ ಗುಂಡು ಕೋಳಿಯ ಕಾಲ ಕೆಳಗೆ ಮಣ್ಣೆಬ್ಬಿಸಿತು. ಎರಡನೆಯದು ಎಲ್ಲಿ ಹೋಯಿತೋ ನನಗೂ ಕಾಣಲಿಲ್ಲ. ಮೂರನೆಯದನ್ನು ಹೊಡೆಯಲೇ ಇಲ್ಲ, ತೋಳು ಸೋತು ರೈಫಲನ್ನು ಇಳಿಸಿದಳು. ದಣಿವಾರಿಸಿಕೊಂಡು ಮತ್ತೆ ಎತ್ತಿದಳು. ಈ ಸಲ ತುಂಬ ಹೊತ್ತು ಏನೂ ಆಗಲಿಲ್ಲ. ಸದ್ದಾಯಿತು, ಮೂರನೆಯ ಕೋಳಿ ಹಿಂದಕ್ಕೆ ಉರುಳಿತು.

ನಾನೂ ನರ್ಸೂ ಕೂಗಿಕೊಂಡೆವು. ಅಮ್ಮ ಮಾತ್ರ ಕೆನ್ನೆಯನ್ನು ರೈಫಲ್‌ಗೆ ಒತ್ತಿ ಇಟ್ಟಂತೆಯೇ, "ಗಲಾಟೆ ಮಾಡ್ಬೇಡಿ, ಇನ್ನೂ ಎರಡಿದೆ," ಎಂದಳು. ಆ ಎರಡೂ ಬೀಳಲಿಲ್ಲ.

ಮರುದಿನ ಅವಳ ಭುಜ ಹಿಡಿದುಕೊಂಡಿತ್ತು. ಅಕ್ಕಿ ತುಂಬಿದ ಬಟ್ಟೆಚೀಲವನ್ನು ಬಿಸಿಮಾಡಿ ಶಾಖ ಕೊಡುತ್ತಿರುವಾಗ ಪರ್ತ್‌ನಿಂದ ತಮ್ಮನ ಫೋನು.

"ಅಮ್ಮಂಗೆ ಗನ್ ಕೊಟ್ಟಿದ್ಯಂತೆ? ನಾನು ಅಲ್ಲಿಗೆ ಕಳಿಸಿದ್ದು ರೆಸ್ಟ್ ಮಾಡ್ಲಿ ಅಂತ!"

ಸ್ಪೀಕರಿನಲ್ಲಿ ಕೇಳಿಸಿಕೊಂಡ ಅಮ್ಮನೇ ಉತ್ತರಿಸಿದಳು. "ನಿಮ್ಮನೇಲಿ ರೆಸ್ಟ್ ಮಾಡಿ ಮಾಡಿ ಸಾಕಾಗಿತ್ತು ಕಣೋ. ಬರ್ತೀನಿ, ನಿಂಗೂ ಕಲಿಸ್ತೀನಿ."

ಅವಳು ಇದ್ದಷ್ಟೂ ಭಾನುವಾರ ಹೋದೆವು. ನನಗೆ ಸ್ಕೋಪಿನೊಳಗೆ ಈಗ ಇಡೀ ಸಾಲು ಕಾಣುತ್ತಿತ್ತು, ಸರದಿ ತಪ್ಪುವುದು ನಿಂತಿತು. ಹತ್ತು ಪಟ್ಟಿಗಿಂತ ಮೇಲೆ ತಿರುಗಿಸುವ ಆಸೆಯನ್ನೇ ಬಿಟ್ಟೆ. ನಡುಕ ಹೋಗಲಿಲ್ಲ, ಆದರೆ ಕಾಣುವುದು ಕಡಿಮೆಯಾದದ್ದರಿಂದ ಅದರ ಜೊತೆ ಜಗಳವಾಡುವುದೂ ಕಡಿಮೆಯಾಯಿತು. ಅಮ್ಮ ಕೋಳಿಗಳಲ್ಲಿ ಕೆಲವು ಸಲ ನನ್ನನ್ನು ಮೀರಿಸಿದಳು. ಟಗರು ಮಾತ್ರ ಅವಳಿಗೆ ಒಂದೂ ಬೀಳಲಿಲ್ಲ. ಒಂದು ಸಲ ಗುಂಡು ತಗುಲಿ, ಅದು ಕಾಲಮೇಲೆ ಸುತ್ತು ತಿರುಗಿ, ಮತ್ತೆ ನಿಂತಿತು. ಆ ದಿನ ಅವಳು ಮನೆ ಸೇರುವವರೆಗೂ ಆ ಟಗರನ್ನು ಬೈಯುತ್ತಲೇ ಇದ್ದಳು.

ಊರಿಗೆ ಮರಳುವ ಮೊದಲು ಮತ್ತೆ ಪರ್ತ್‌ಗೆ ಹೋದಳು. ಗೊಣಗುತ್ತಲೇ ತಮ್ಮ ಅಲ್ಲೊಂದು ಕ್ಲಬ್ಬನ್ನು ಹುಡುಕಿದ. ಒಂದು ದಿನ ಆಪರೇಷನ್ ಮುಗಿಸಿ ಹೊರಬಂದರೆ ಫೋನಿನಲ್ಲಿ ಅವನ ಸಂದೇಶ. ಬಿದ್ದ ಟಗರಿನ ಪಕ್ಕ ಅಮ್ಮ ನಿಂತಿದ್ದಾಳೆ, ನಗುತ್ತಿಲ್ಲ, ಬ್ಯಾಂಕಿನ ಗುರುತಿನ ಚೀಟಿಯ ಫೋಟೋದಲ್ಲಿರುವ ಹಾಗೆ ನೇರ ನೋಡುತ್ತಿದ್ದಾಳೆ. ನಾನು ಲಾಕರ್ ರೂಮಿನಲ್ಲಿ ಕೂತು ಅದನ್ನು ತುಂಬ ಹೊತ್ತು ನೋಡಿದೆ. ಯಾಕೋ ಅಳು ಬಂತು.

ಕೆಲವು ವರ್ಷಗಳ ನಂತರ ನನಗೆ ಬ್ರಿಸ್ಬೇನಿನ ಪಕ್ಕದ ಇಪ್ಸ್‌ವಿಚ್‌ನಲ್ಲಿ ಕೆಲಸ ಸಿಕ್ಕಿತು, ಕೊನೆಗೂ ಗಂಡ ಹೆಂಡತಿ ಒಂದೇ ಮನೆಯಲ್ಲಿ ಇರತೊಡಗಿದೆವು. ಕ್ವೀನ್ಸ್‌ಲ್ಯಾಂಡಿನ ಲೈಸೆನ್ಸ್ ಕೈಗೆ ಬಂದ ಮೇಲೆ ಅಲ್ಲಿನ ಕ್ಲಬ್ಬಿಗೆ ಸೇರಿದೆ. ಅಲ್ಲಿ ಮೊದಲ ಪಂದ್ಯದಲ್ಲೇ ಟರ್ಕಿಗಳ ಇಡೀ ಸಾಲು ಉರುಳಿತು. ತಡೆಯಲಾರದೆ ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ. ಅವಳು ಮೈಸೂರಿನ ಸಿಟಿ ಬಸ್ಸಿನಲ್ಲಿದ್ದಳು. ಗದ್ದಲದಲ್ಲಿ ಏನೂ ಕೇಳಿಸುತ್ತಿರಲಿಲ್ಲವಾದ್ದರಿಂದ ಕಿರುಚುತ್ತಿದ್ದಳು.

"ಐದೂ ಬಿತ್ತಾ? ಹಂದಿ? ಹಂದಿ ಎಷ್ಟು ಹೊಡೆದು ಹಾಕ್ದೆ?"

ಹಿನ್ನೆಲೆಯ ಮಾತುಗಳೆಲ್ಲ ಒಮ್ಮೆಗೇ ನಿಂತುಹೋದದ್ದು ನನಗೂ ಕೇಳಿಸಿತು. ಯಾರೋ ಹೆಂಗಸು, "ಯಾರ್ರೀ ಅದು ಫೋನಲ್ಲಿ?" ಎಂದು ಕೇಳಿದಳು.

"ನನ್ನ ಮಗಳು," ಎಂದಳು ಅಮ್ಮ. "ಡಾಕ್ಟ್ರು."