ಫೋನ್ ಎತ್ತದ ಮಧ್ಯಾಹ್ನ

ನನ್ನ ಗಂಡನಿಗೆ ಎದೆನೋವು ಬಂದದ್ದು ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ, ಸಂಬಂಧಿಕರೊಬ್ಬರ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ. ಹೋಳಿಗೆಗೆ ತುಪ್ಪ ಬಡಿಸುವವರು ಆಗಷ್ಟೇ ನಮ್ಮನ್ನು ದಾಟಿ ಮುಂದಿನ ಎಲೆಗೆ ಹೋಗಿದ್ದರು. ಇವರು ಎಡಗೈಯನ್ನು ನೆಲಕ್ಕೆ ಊರಿ, "ಯಾಕೋ ಒಂಥರಾ ಆಗ್ತೈತೆ" ಅಂದರು. ನಾನು ನೋಡುವಷ್ಟರಲ್ಲಿ ಅಂಗಿಯ ಬೆನ್ನೆಲ್ಲ ಒದ್ದೆಯಾಗಿತ್ತು. ಅವತ್ತೇ ಸಂಜೆ, ನಾನು ಆಸ್ಪತ್ರೆಯ ಕಾರಿಡಾರಿನ ಕುರ್ಚಿಯಲ್ಲಿ ಕೂತಿದ್ದಾಗ, ಒಳಗೆ ಸ್ಟೆಂಟ್ ಹಾಕಿದರು. ವಾರದೊಳಗೆ ಮನೆಗೆ ಬಂದರು, ಬೇಸಿಗೆ ಮುಗಿಯುವ ಹೊತ್ತಿಗೆ ಹರಿಹರದ ತಮ್ಮ ವರ್ಕ್‌ಶಾಪಿಗೂ ಹೊರಟರು. ನೋಡಿದವರೆಲ್ಲ, "ಇವರಿಗೆ ಏನಾಗಿತ್ತು ಅಂತಾನೇ ಗೊತ್ತಾಗಲ್ಲ ಬಿಡ್ರಿ" ಅನ್ನುತ್ತಿದ್ದರು.

ಅವರು ಆಸ್ಪತ್ರೆಯಿಂದ ಹೊರಗೆ ಬಂದರು, ನಾನು ಬರಲಿಲ್ಲ. ನಾನಿನ್ನೂ ಆ ಕಾರಿಡಾರಿನ ಕುರ್ಚಿಯಲ್ಲೇ ಕೂತಿದ್ದೆ.

ನಾನು ಕೆಲಸ ಮಾಡುವುದು ರಕ್ತಪರೀಕ್ಷೆಯ ಒಂದು ಲ್ಯಾಬಿನಲ್ಲಿ. ವಿನೋಬನಗರದ ನಮ್ಮ ಮನೆಯಿಂದ ನಡೆದೇ ಹೋಗುತ್ತೇನೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಸಾಲಾಗಿ ಕೂತವರ ತೋಳಿಗೆ ಪಟ್ಟಿ ಕಟ್ಟಿ ರಕ್ತ ತೆಗೆಯುವುದು ನನ್ನ ಕೆಲಸ. ಮದುವೆಗೆ ಮುಂಚಿನಿಂದ ಮಾಡುತ್ತಿದ್ದೇನೆ. ಸೂಜಿ ಕೈಯಲ್ಲಿದ್ದಷ್ಟು ಹೊತ್ತು ಏನೂ ತೊಂದರೆ ಇರಲಿಲ್ಲ. ನರ ಸಿಗುವುದೊಂದೇ ಚಿಂತೆ. ಹತ್ತಿ ಒತ್ತಿ ಹಿಡಿಯಿರಿ ಅಂತ ಹೇಳಿ ಆ ಕಡೆ ತಿರುಗಿದ್ದೇ ತಡ, ಶುರು. ಇವರು ಬಸ್ ಹತ್ತಿದರಾ? ಮಾತ್ರೆ ತಗೊಂಡರಾ? ಲೇಥ್ ಮಷಿನ್ ಮುಂದೆ ನಿಂತಾಗ ಕಣ್ಣು ಕತ್ತಲೆ ಬಂದು ಅದರ ಮೇಲೇ ಬಿದ್ದರೆ? ಭಾರ ಎತ್ತಬೇಡಿ ಅಂದರೆ ಕೇಳುವ ಮನುಷ್ಯ ಅಲ್ಲ. ಬಾತ್ರೂಮಿನ ಬಾಗಿಲು ಹಾಕಿಕೊಂಡು ಫೋನ್ ಮಾಡುತ್ತಿದ್ದೆ.

"ಊಟ ಆಯ್ತಾ?"

"ಈಗಿನ್ನೂ ಹನ್ನೊಂದು ಗಂಟೆ."

"ಹಂಗಲ್ಲ, ಸುಮ್ನೆ ಕೇಳಿದೆ."

ಫೋನ್ ಇಟ್ಟ ಮೇಲೆ ಎದೆ ಹಗುರಾಗುತ್ತಿತ್ತು. ಆದರೆ ಆ ಹಗುರು ಮುಂದಿನ ಪೇಷಂಟ್ ಎದ್ದು ಹೋಗುವವರೆಗೂ ಉಳಿಯುತ್ತಿರಲಿಲ್ಲ. ಅವರ ದನಿ ಸ್ವಲ್ಪ ಸೋತಂತೆ ಇತ್ತಲ್ಲ ಅಂತ ಹೊಸದೊಂದು ಹುಳ ಒಳಗೆ ಸೇರಿಕೊಳ್ಳುತ್ತಿತ್ತು. ಮನೆಯಲ್ಲೂ ಅಷ್ಟೇ. ಅವರು ಮೆಟ್ಟಿಲು ಹತ್ತಿ ಬಂದರೆ ನಾನು ಅಡುಗೆಮನೆಯಲ್ಲಿ ಒಗ್ಗರಣೆಯ ಸೌಟು ಹಿಡಿದುಕೊಂಡೇ ಅವರ ಉಸಿರಿಗೆ ಕಿವಿ ಕೊಡುತ್ತಿದ್ದೆ. ಸಾಸಿವೆ ಹೊತ್ತಿಹೋಗುತ್ತಿತ್ತು.

ಒಂದು ಸಂಜೆ ಮಗಳು ಕಾಲೇಜಿನಿಂದ ಬಂದವಳು ನನ್ನ ಹಿಂದೆಯೇ ನಿಂತು ಏನೋ ಹೇಳುತ್ತಿದ್ದಳು. ಪಿಯುಸಿ ಓದುವ ಹುಡುಗಿ, ಸಾಮಾನ್ಯಕ್ಕೆ ಹೆಚ್ಚು ಮಾತಾಡುವವಳಲ್ಲ. ಹೇಳಿ ಮುಗಿಸಿ ನನ್ನ ಮುಖ ನೋಡಿದಳು. ನಾನು, "ಅಪ್ಪ ಮಧ್ಯಾಹ್ನದ ಮಾತ್ರೆ ಡಬ್ಬಿ ತಗೊಂಡ್ ಹೋಗಿದ್ರೇನೇ?" ಅಂದೆ.

"ಅಮ್ಮ, ಖೋಖೋ ಟೀಮಿಗೆ ಸೆಲೆಕ್ಟ್ ಆದೆ ಅಂತ ಹೇಳಿದೆ ನಾನು."

"ಹೌದಾ? ಒಳ್ಳೇದಾಯ್ತಲ್ಲ."

"ನೀನು ಇಲ್ಲಿ ಇರೋದೇ ಇಲ್ಲಮ್ಮ" ಅಂದು ಬ್ಯಾಗ್ ಎತ್ತಿಕೊಂಡು ಒಳಗೆ ಹೋದಳು. ಸಿಟ್ಟಿನಿಂದ ಹೇಳಿದ್ದರೆ ನಾನೂ ಒಂದು ಮಾತು ಆಡಿ ಮರೆಯುತ್ತಿದ್ದೆನೇನೋ. ಅವಳು ಹಾಗೆ ಹೇಳಲಿಲ್ಲ. ಕರೆಂಟ್ ಇಲ್ಲ ಅನ್ನುವ ಹಾಗೆ ಹೇಳಿದಳು.

ಆಮೇಲೆ ನಾನಾಗಿಯೇ ಮನೋವೈದ್ಯರ ಹತ್ತಿರ ಹೋದೆ. ಲ್ಯಾಬಿಗೆ ಬರುವ ಚೀಟಿಗಳಲ್ಲಿ ಅವರ ಸಹಿ ನೋಡಿ ಗೊತ್ತಿತ್ತು. ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಎಲ್ಲ ಹೇಳಿದೆ. ಗಂಡನ ಬಗ್ಗೆಯೇ ಹೇಳಿದೆ ಅಂತ ಕಾಣುತ್ತದೆ, ಯಾಕೆಂದರೆ ಅವರು, "ಈಗ ನಿಮ್ಮ ಬಗ್ಗೆ ಹೇಳಿ" ಅಂದರು. ದಿನಕ್ಕೆ ಇವರಿಗೆ ಎಷ್ಟು ಸಲ ಫೋನ್ ಮಾಡುತ್ತೇನೆ ಅಂತ ಹೇಳಿದೆ.

"ಫೋನ್ ಮಾಡಿದ ಮೇಲೆ ಎಷ್ಟು ಹೊತ್ತು ಸಮಾಧಾನ ಇರುತ್ತೆ?"

"ಹೆಚ್ಚು ಹೊತ್ತೇನಿಲ್ಲ ಮೇಡಂ."

"ಆಮೇಲೆ ಮತ್ತೆ ಮಾಡ್ತೀರಿ. ಭಯಕ್ಕೆ ನೀವೇ ತುತ್ತು ಹಾಕಿ ಸಾಕ್ತಾ ಇದ್ದೀರಿ. ಯೋಚನೆ ಬಂದರೆ ಬರಲಿ, ಓಡಿಸೋಕೆ ಹೋಗಬೇಡಿ. ಅದು ಬಂದಾಗ ನಿಮ್ಮ ಕಾಲು ಎಲ್ಲಿದೆ, ಕಣ್ಣೆದುರಿಗೆ ಏನಿದೆ, ಏನು ಕೇಳಿಸ್ತಾ ಇದೆ, ಅದನ್ನ ಗಮನಿಸಿ."

ಮಾತ್ರೆಯನ್ನೂ ಬರೆದುಕೊಟ್ಟರು. ಮಾತ್ರೆ ನುಂಗುವುದು ಸುಲಭವಾಯಿತು. ಈ ಕಾಲು, ಕಣ್ಣು, ಕಿವಿಯ ಕೆಲಸ ಮಾತ್ರ ನನಗೆ ಹತ್ತಲಿಲ್ಲ. ಪಾತ್ರೆ ತೊಳೆಯುತ್ತಾ ನೀರು ತಣ್ಣಗಿದೆ ಅಂದುಕೊಳ್ಳುತ್ತಿದ್ದೆ. ತಣ್ಣೀರಲ್ಲಿ ಸ್ನಾನ ಮಾಡಿದರೆ ಹೃದಯಕ್ಕೆ ಒಳ್ಳೆಯದಲ್ಲವಂತೆ, ಇವರು ಇವತ್ತು ಗೀಜರ್ ಹಾಕಿಕೊಂಡರೋ ಇಲ್ಲವೋ ಅನ್ನುವಲ್ಲಿಗೆ ಹೋಗಿ ನಿಲ್ಲುತ್ತಿದ್ದೆ. ಸರಿಯಾಗಿ ಗಮನಿಸುತ್ತಿದ್ದೇನಾ ಅನ್ನುವುದೇ ಇನ್ನೊಂದು ಚಿಂತೆಯಾಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ಅವರು ಫೋನ್ ಎತ್ತಲಿಲ್ಲ.

ಮೊದಲು ರಿಂಗಾಯಿತು. ಮಷಿನ್ ಸದ್ದಿಗೆ ಕೇಳಿರಲಿಕ್ಕಿಲ್ಲ ಅಂದುಕೊಂಡೆ. ಮತ್ತೆ ಮಾಡಿದೆ. ಆಮೇಲೆ ಮಾಡಿದಾಗ ಸ್ವಿಚ್ ಆಫ್ ಅಂತ ಬಂತು. ವರ್ಕ್‌ಶಾಪಿನ ಪಾಲುದಾರರಿಗೆ ಮಾಡಿದೆ, ಅವರೂ ಎತ್ತಲಿಲ್ಲ. ಮೇಡಂ ಹೇಳಿದಂತೆ ಕಾಲನ್ನು ನೆಲಕ್ಕೆ ಒತ್ತಿದೆ. ನೆಲ ಇತ್ತು, ಆದರೆ ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಜೊತೆಯ ಹುಡುಗಿಗೆ, "ಸ್ವಲ್ಪ ನೋಡ್ಕೊಳ್ಳವ್ವ" ಅಂದು ಏಪ್ರನ್ ಬಿಚ್ಚಿ ಹೊರಗೆ ಬಂದು ಆಟೊ ಹಿಡಿದೆ. ಬಸ್ ಸ್ಟ್ಯಾಂಡಿನಲ್ಲಿ ಹರಿಹರದ ಬಸ್ಸು ಹೊರಡುವುದರಲ್ಲಿತ್ತು.

ಕಂಡಕ್ಟರ್ ಬಂದು ಫ್ರೀ ಟಿಕೆಟ್ಟಿಗೆ ಆಧಾರ್ ಕಾರ್ಡ್ ಕೇಳಿದಾಗ ನಾನು ಲ್ಯಾಬಿನ ಗುರುತಿನ ಚೀಟಿ ಕೊಟ್ಟೆ. "ಇದಲ್ಲಕ್ಕಾ" ಅಂದ. ಪಕ್ಕದಲ್ಲಿ ಒಬ್ಬ ಅಜ್ಜಿ ಮಡಿಲಲ್ಲಿ ಮಂಡಕ್ಕಿಯ ದೊಡ್ಡ ಚೀಲ ಇಟ್ಟುಕೊಂಡು ಕೂತಿದ್ದರು. ಬಸ್ಸು ಕುಲುಕಿದಾಗೆಲ್ಲ ಚೀಲ ಸರಸರ ಅನ್ನುತ್ತಿತ್ತು. ಈ ಸದ್ದನ್ನು ಕೇಳು, ಇದನ್ನೇ ಕೇಳು ಅಂತ ನನಗೆ ನಾನೇ ಹೇಳಿಕೊಂಡೆ. ದೊಡ್ಡಬಾತಿ ಬರುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಇವರನ್ನು ಆಂಬುಲೆನ್ಸಿಗೆ ಹಾಕಿ, ದಾವಣಗೆರೆಗೆ ತಂದು, ಮಗಳಿಗೆ ಹೇಗೆ ಹೇಳುವುದು ಅನ್ನುವವರೆಗೂ ಹೋಗಿದ್ದೆ. ಎದುರಿನಿಂದ ಬರುವ ಪ್ರತಿ ಬಿಳಿ ಗಾಡಿಯನ್ನೂ ಕತ್ತು ತಿರುಗಿಸಿ ನೋಡಿದೆ. ಎರಡೂ ಕಡೆ ಗದ್ದೆಯಲ್ಲಿ ನಾಟಿ ನಡೆದಿತ್ತು. ಅದು ನನಗೆ ನೆನಪಿರುವುದು ಈಗ. ಆಗ ನೋಡುತ್ತಿದ್ದೇನೆ ಅಂತಲೂ ಗೊತ್ತಿರಲಿಲ್ಲ.

ವರ್ಕ್‌ಶಾಪಿನ ಶಟರ್ ತೆರೆದಿತ್ತು. ಇವರ ಮಷಿನ್ ನಿಂತಿತ್ತು. ಅದರ ಮೇಲೆ ಇವರ ಊಟದ ಡಬ್ಬಿ. ಒಳಗೆ ಪಾಲುದಾರರು ಒಬ್ಬರೇ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ಇಬ್ಬರೂ ಸೇರಿ ವರ್ಕ್‌ಶಾಪ್ ಶುರು ಮಾಡಿ ಬಹಳ ಕಾಲವಾಗಿದೆ. ನಾನು ಅವರನ್ನು ಭಾಯಿ ಅಂತ ಕರೆಯುತ್ತೇನೆ. ನನ್ನ ಮುಖ ನೋಡಿ ಅವರೇ ಗಾಬರಿಯಾದರು.

"ಅರೆ, ಭಾಭಿ. ಏನಾತು? ಕೂಡ್ರಿ ಮೊದ್ಲು."

"ಎಲ್ಲಿ ಇವರು?"

"ಅದಾರ, ಚೆನ್ನಾಗೇ ಅದಾರ. ನಾನು ನಮಾಜಿಗೆ ಹೋಗಿದ್ದೆ, ಫೋನ್ ಇಲ್ಲೇ ಇತ್ತು. ಈಗ ನೋಡ್ದೆ ನಿಮ್ಮ ಕಾಲ್."

"ಎಲ್ಲಿ ಅಂತ ಹೇಳ್ರಿ ಭಾಯಿ."

ಅವರು ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು. "ಹೊಳೆ ಕಡೆ ಹೋಗ್ಯಾರ. ದಿನಾ ಹೋಗ್ತಾರ ಈ ಟೈಮಿಗೆ. ನಿಮಗೆ ಹೇಳಬ್ಯಾಡ ಅಂದಿದ್ರು. ನಾನೂ ಅಂದೆ, ಅಣ್ಣಾರ, ಮನೀಗೆ ಹೇಳದ ವಿಷಯ ಇಟ್ಕೋಬ್ಯಾಡ್ರಿ ಅಂತ."

ಅವರೇ ಬೈಕಿನಲ್ಲಿ ಕೂರಿಸಿಕೊಂಡು ದೇವಸ್ಥಾನದ ಹಿಂದಿನ ದಾರಿಯವರೆಗೆ ಬಿಟ್ಟು, "ಜಗಳ ಮಾಡಬ್ಯಾಡ್ರಿ ಭಾಭಿ, ಪರೇಶಾನ್ ಅದಾರ" ಅಂದು ತಿರುಗಿ ಹೋದರು. ನಾನು ಜಗಳ ಮಾಡಬೇಕು ಅಂತಲೇ ನಡೆದೆ. ಬದುಕಿದ್ದಾರೆ ಅಂತ ಗೊತ್ತಾದ ಕೂಡಲೇ ಭಯ ಇದ್ದ ಜಾಗಕ್ಕೆ ಸಿಟ್ಟು ಬಂದು ಕೂತಿತ್ತು.

ತುಂಗಭದ್ರೆಯ ದಂಡೆಯ ಮೆಟ್ಟಿಲಿನ ಮೇಲೆ, ನೆರಳಿದ್ದ ಕಡೆ, ಚಪ್ಪಲಿ ಬಿಟ್ಟು ಕೂತಿದ್ದರು. ಕೆಳಗೆ ಒಬ್ಬ ತನ್ನ ಲಗೇಜ್ ಆಟೊವನ್ನು ನೀರಿನ ಅಂಚಿಗೆ ತಂದು ತೊಳೆಯುತ್ತಿದ್ದ. ಇವರು ಅದನ್ನೇ ನೋಡುತ್ತಿದ್ದರು. ನಾನು ಪಕ್ಕ ನಿಂತದ್ದು ಗೊತ್ತಾಗಿ ತಲೆ ಎತ್ತಿದರು. ಏಳಲಿಲ್ಲ.

"ಫೋನ್ ಯಾಕ ಆಫ್ ಮಾಡೀರಿ?"

ಪಕ್ಕದಲ್ಲಿದ್ದ ಚಪ್ಪಲಿ ಸರಿಸಿ ನನಗೆ ಜಾಗ ಮಾಡಿದರು.

"ನಾನು ಅಲ್ಲಿಂದ ಹೆಂಗೆ ಬಂದೆ ಗೊತ್ತೈತಾ ನಿಮಗೆ? ಜೀವ ಇದ್ದಿಲ್ಲ ನನ್ನ ಮೈಯಾಗೆ."

"ಕೂತ್ಕೋ" ಅಂದರು. ನಾನು ನಿಂತೇ ಇದ್ದೆ. ಅವರು ಹೊಳೆ ಕಡೆ ನೋಡಿಕೊಂಡು ಹೇಳಿದರು: "ನಿನ್ನ ಫೋನ್ ಬಂತು ಅಂದ್ರ ಎದಿ ಹೊಡ್ಕೊಳ್ತೈತೆ ಕಣೆ. ನೀ 'ಹೆಂಗದೀರಿ' ಅಂತಿ. ನಾ 'ಚೆನ್ನಾಗಿದೀನಿ' ಅಂತೀನಿ. ಇಟ್ಟ ಮ್ಯಾಲೆ, ನಿಜವಾಗ್ಲೂ ಚೆನ್ನಾಗಿದೀನಾ ಅಂತ ನಾನೇ ನೋಡ್ಕೊಳ್ಳಕ್ಕೆ ಶುರು ಮಾಡ್ತೀನಿ. ಎಡಗೈ ನೋಯ್ತೈತಾ, ಬೆವರು ಬಂತಾ. ಆಮ್ಯಾಲೆ ಮಷಿನ್ ಮುಂದೆ ನಿಂತ್ಕೊಳ್ಳಕ್ಕೆ ಆಗಲ್ಲ. ಕೈ ನಡುಗ್ತಾವೆ. ಅದಕ್ಕೆ ಇಲ್ಲಿ ಬಂದು ಕೂತ್ಕೊಂತೀನಿ. ನಡುಕ ನಿಂತ ಮ್ಯಾಲೆ ಹೋಗ್ತೀನಿ."

"ಎಷ್ಟು ದಿನದಿಂದ?"

"ಕೆಲಸಕ್ಕೆ ಬಂದಾಗಿಂದ."

ನಾನು ಕೂತೆ. ನಾನು ಹೆದರುತ್ತೇನೆ ಅಂತ ಅವರು ಹೆದರಿಕೆ ಮುಚ್ಚಿಟ್ಟಿದ್ದರು. ಅವರಿಗೆ ಏನೂ ಹೆದರಿಕೆ ಇಲ್ಲ, ಇರುವಷ್ಟನ್ನೂ ನಾನೊಬ್ಬಳೇ ಹೊರಬೇಕು ಅಂತ ನಾನು ತಿಳಿದಿದ್ದೆ. ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ, ಒಬ್ಬರಿಗೊಬ್ಬರು ಚೆನ್ನಾಗಿದ್ದೇವೆ ಅಂತ ಹೇಳಿಕೊಂಡು ಬಂದಿದ್ದೆವು. ನನಗೆ ಅಳು ಬಂತು. ಕೆಳಗಿದ್ದ ಆಟೊದವನು ಒಮ್ಮೆ ತಿರುಗಿ ನೋಡಿ, ಮರ್ಯಾದೆಯಿಂದ ಆ ಕಡೆ ಮುಖ ಮಾಡಿ ಚಕ್ರ ಉಜ್ಜತೊಡಗಿದ.

"ನಾನು ಡಾಕ್ಟರ್ ಹತ್ರ ಹೋಗ್ತಾ ಇದೀನಿ" ಅಂದೆ. "ತಲೆ ಡಾಕ್ಟರ್ ಹತ್ರ. ನಿಮಗೆ ಹೇಳಿರಲಿಲ್ಲ."

ಅವರು ನನ್ನ ಕಡೆ ಪೂರ್ತಿ ತಿರುಗಿದರು. "ಏನಂತಾರೆ?"

"ಎದುರಿಗೆ ಏನೈತೋ ಅದನ್ನ ನೋಡ್ರಿ ಅಂತಾರೆ."

"ನಾ ಅದನ್ನೇ ಮಾಡ್ತಿದ್ದೆ, ನೀ ಬಂದಿ" ಅಂದರು. ಇಬ್ಬರಿಗೂ ನಗು ಬಂತು. ನಗು ಅಂದರೆ ಮೂಗಿನಿಂದ ಗಾಳಿ ಬಿಟ್ಟಷ್ಟೇ.

ಅವರ ಕೈ ಹಿಡಿದೆ. ಬೆರಳು ತಾನಾಗಿಯೇ ನಾಡಿಯ ಮೇಲೆ ಹೋಯಿತು. ಅವರು ಅದನ್ನು ನೋಡಿ ಮೆಲ್ಲಗೆ ನನ್ನ ಬೆರಳನ್ನು ಸರಿಸಿ ಅಂಗೈಯೊಳಗೆ ಇಟ್ಟುಕೊಂಡರು. ಗ್ರೀಸಿನ ವಾಸನೆ ಇತ್ತು. ಹೊಳೆಯಲ್ಲಿ ನೀರು ಕಡಿಮೆ ಇತ್ತು, ನಡುವೆ ಕಲ್ಲುಗಳು ಕಾಣುತ್ತಿದ್ದವು. ಒಂದರ ಮೇಲೆ ಬಟ್ಟೆ ಒಣಹಾಕಿದ್ದರು, ಕೆಂಪು ದುಪ್ಪಟಿ. ನಾನು ಅದನ್ನು ನೋಡಿದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಆಮೇಲೆ ಮಗಳ ಹತ್ತಿರ ಮನೆಯ ಕೀ ಇದೆಯೋ ಇಲ್ಲವೋ ಅಂತ ನೆನಪಾಗಿ ಎದ್ದುಬಿಟ್ಟೆ.

ಅವತ್ತು ಇಬ್ಬರೂ ಒಟ್ಟಿಗೆ ಬಸ್ಸಿನಲ್ಲಿ ಬಂದೆವು. ಮುಂದಿನ ವಾರ ಮನೋವೈದ್ಯರ ಹತ್ತಿರ ಒಟ್ಟಿಗೆ ಹೋದೆವು. ಆ ಮೇಡಂ ನಮ್ಮಿಬ್ಬರನ್ನೂ ಕೂರಿಸಿ ಒಂದು ಒಪ್ಪಂದ ಮಾಡಿಸಿದರು: ಮಧ್ಯಾಹ್ನ ಊಟದ ಹೊತ್ತಿಗೆ ಇವರೇ ಫೋನ್ ಮಾಡುವುದು, ನಾನು ಮಾಡಬಾರದು. ಆರೋಗ್ಯದ ವಿಷಯ ತೆಗೆಯಬಾರದು. ಮೊದಲ ಕೆಲವು ದಿನ ನಮಗೆ ಬೇರೆ ಮಾತೇ ಇರಲಿಲ್ಲ. "ಹ್ಞೂಂ" ಅನ್ನುತ್ತಿದ್ದರು. ನಾನೂ "ಹ್ಞೂಂ" ಅನ್ನುತ್ತಿದ್ದೆ. ಒಂದು ದಿನ, ವರ್ಕ್‌ಶಾಪಿನೊಳಗೆ ಮೇಕೆ ನುಗ್ಗಿ ಭಾಯಿಯ ರಸೀದಿ ತಿಂದ ಕಥೆ ಹೇಳಿದರು. ಲ್ಯಾಬಿನಲ್ಲಿ ಒಬ್ಬನ ತೋಳಿಗೆ ಪಟ್ಟಿ ಕಟ್ಟುವಾಗ ಅದು ನೆನಪಾಗಿ ನಕ್ಕುಬಿಟ್ಟೆ. "ಏನ್ ಮೇಡಂ, ನನ್ನ ನರ ನೋಡಿ ನಗ್ತೀರಿ" ಅಂತ ಆ ಮನುಷ್ಯ ಕೇಳಿದ.

ಹಾಗಂತ ವಾಸಿಯಾಯಿತು ಅಂತ ಹೇಳಲಾರೆ. ಊಟದ ಹೊತ್ತು ಮೀರಿದರೆ ಫೋನಿನ ಮೇಲೆ ಕೈ ಹೋಗುತ್ತದೆ. ಕೆಲವು ಸಲ ಹಿಂದಕ್ಕೆ ಬರುತ್ತದೆ, ಕೆಲವು ಸಲ ಇಲ್ಲ. ಮಾಡಿದ ದಿನ ಅವರು, "ಸೋತಿ ನೋಡು ಇವತ್ತು" ಅನ್ನುತ್ತಾರೆ. ಅವರು ಹೊಳೆಗೆ ಹೋಗುವುದನ್ನು ಬಿಟ್ಟಿಲ್ಲ. ಈಗ ಹೇಳಿ ಹೋಗುತ್ತಾರೆ.

ಮೊನ್ನೆ ಹಳೆಯ ಮಷಿನ್ ಒಂದನ್ನು ನೋಡಲು ಹುಬ್ಬಳ್ಳಿಗೆ ಹೊರಟರು, ಒಬ್ಬರೇ. ಆಪರೇಷನ್ ಆದಮೇಲೆ ಅಷ್ಟು ದೂರ ಒಬ್ಬರೇ ಹೋಗಿದ್ದು ಅದೇ ಮೊದಲು. ಸ್ಟೇಷನ್ನಿಗೆ ಕಳಿಸಲು ಹೋಗಿದ್ದೆ. ಏನೂ ಹೇಳಬಾರದು ಅಂದುಕೊಂಡೇ ಹೋಗಿದ್ದೆ. ರೈಲು ಬಂತು, ಹತ್ತಿದರು, ಕಿಟಕಿಯ ಪಕ್ಕ ಸೀಟು ಸಿಕ್ಕಿತು. ರೈಲು ಅಲುಗಿದಾಗ ನನ್ನ ಬಾಯಿ ತಡೆಯಲಿಲ್ಲ. "ಮುಟ್ಟಿದ ಕೂಡ್ಲೇ ಫೋನ್ ಮಾಡ್ರಿ."

"ಮಾಡ್ತೀನಿ. ಅಲ್ಲಿವರೆಗೂ ನೀ ಏನ್ ಮಾಡ್ತಿ?"

"ಮೆಂತ್ಯೆ ಸೊಪ್ಪು ತಗೊಂಡ್ ಹೋಗಿ ಬಿಡಿಸ್ತೀನಿ."

"ಜಾಸ್ತಿ ತಗೋ ಹಂಗಾರೆ" ಅಂದರು. ರೈಲು ಹೋಯಿತು.

ಮನೆಗೆ ಬಂದು, ನಾನು ಮಗಳು ಇಬ್ಬರೂ ಪೇಪರ್ ಹಾಸಿಕೊಂಡು ಕೂತೆವು. ರಾಣೆಬೆನ್ನೂರು ದಾಟಿರಬೇಕು ಈಗ, ಅಂತ ಮನಸ್ಸು ಹೇಳಿತು. ಹಾವೇರಿ ಇರಬೇಕು, ಅಂತಲೂ ಹೇಳಿತು. ಮಗಳು ತನ್ನ ಗೆಳತಿಯೊಬ್ಬಳು ಮಾತು ಬಿಟ್ಟ ಸಂಗತಿ ಹೇಳುತ್ತಿದ್ದಳು. ನಡುವೆ ಒಂದು ಕಡೆ ನನಗೆ ತಪ್ಪಿಹೋಯಿತು. "ತಡಿ, ಅವಳು ಏನಂದ್ಲು ಅಂದಿ? ಇನ್ನೊಂದ್ಸಲ ಹೇಳು" ಅಂದೆ. ಅವಳು ನನ್ನನ್ನು ನೋಡಿ, ಕೈಯಲ್ಲಿದ್ದ ಕಡ್ಡಿಯನ್ನು ಪಕ್ಕಕ್ಕೆ ಹಾಕಿ, ಮೊದಲಿನಿಂದ ಹೇಳತೊಡಗಿದಳು.